ಗೆಲ್ಲದ ಟೀಮಿನ ಹಿಂದೆ ಯಾಕೆ ಬಿದ್ದಿದ್ದೀಯಾ ಅಂತ ಕೇಳಿದವರಿಗೆ

ನಮ್ಮ ಫಾರ್ಮುಲಾ ಒನ್ ಕಾರ್ ರೇಸ್ ವಾಟ್ಸಾಪ್ ಗ್ರೂಪಿನಲ್ಲಿ ಮೊದಲು ಎರಡೇ ಪಂಗಡ ಇದ್ದವು. ಫೆರಾರಿ ಟೀಮಿನವರು, ಡ್ರೈವರ್ ವರ್ಸ್ಟಾಪನ್ ಕಡೆಯವರು. ಈಚೆಗೆ ಮೆಕ್‌ಲಾರೆನ್‌ನವರು ಜಾಸ್ತಿ ಆಗಿದ್ದಾರೆ. ಆ ಕಾರು ಗೆಲ್ಲೋಕೆ ಶುರು ಮಾಡಿದ ಮೇಲೆ ಹುಟ್ಟಿಕೊಂಡ "ಹಳೇ ಅಭಿಮಾನಿಗಳು". ನಾನು ಹಾಸ್ ಅನ್ನೋ ಸಣ್ಣ ಟೀಮಿನ ಪರ ಒಂದು ಮಾತಾಡಿದರೆ ಸಾಕು, ಎಲ್ಲರಿಗೂ ತಮಾಷೆ. ಮೊನ್ನೆ ಒಬ್ಬ ಕೇಳಿದ, "ಏನ್ ಗುರು, ಪಾಪ ಅನ್ಸುತ್ತಾ ಅವ್ರನ್ನ ನೋಡಿದ್ರೆ?"

ಪಾಪ ಅನ್ನಿಸೋದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಉತ್ತರ ಗ್ರೂಪಿನಲ್ಲಿ ಹಾಕೋಕೆ ಆಗದಷ್ಟು ಉದ್ದ ಆಯಿತು, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಪೀಣ್ಯದಲ್ಲಿ ನನ್ನದೊಂದು ಸಣ್ಣ ಶಾಪ್ ಇದೆ. ಜಾಬ್ ವರ್ಕ್. ಕಂಪನಿಯವರು ಡ್ರಾಯಿಂಗ್ ಕಳಿಸುತ್ತಾರೆ, ನಾವು ಮಷಿನಿಂಗ್ ಮಾಡಿ ಕೊಡುತ್ತೇವೆ. ಈ ಕೆಲಸದಲ್ಲಿ ಇರುವವರಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಏನೇ ನೋಡಿದರೂ, ಇದನ್ನು ಎಷ್ಟು ಜನ ಸೇರಿ ಮಾಡಿದರು, ಎಷ್ಟು ದುಡ್ಡಲ್ಲಿ ಮಾಡಿದರು ಅನ್ನೋ ಲೆಕ್ಕ ತಲೆಯಲ್ಲಿ ಓಡುತ್ತಿರುತ್ತದೆ. ದೊಡ್ಡ ಟೀಮ್ ಗೆದ್ದಾಗ ನನಗೆ ಆ ಲೆಕ್ಕ ಸಿಗುವುದಿಲ್ಲ. ಸಾವಿರ ಜನ ಎಲ್ಲಾ ಮೂಲೆಯಿಂದಲೂ ಒಂದೊಂದು ಚೂರು ಸಮಯ ಉಳಿಸಿರುತ್ತಾರೆ. ಯಾರ ಕೈ ಎಲ್ಲಿದೆ ಅಂತ ಹುಡುಕೋದು ಕಷ್ಟ. ಸಣ್ಣ ಟೀಮ್ ಆರನೇ ಸ್ಥಾನಕ್ಕೆ ಬಂದರೆ, ಅದು ಎಲ್ಲಿಂದ ಬಂತು ಅಂತ ಬೆರಳಿಟ್ಟು ತೋರಿಸಬಹುದು. ಏನನ್ನು ಬಿಟ್ಟುಕೊಟ್ಟು ಏನನ್ನು ಹಿಡಿದುಕೊಂಡರು ಅಂತ ಕಾಣುತ್ತದೆ. ನನಗೆ ರುಚಿ ಇರೋದು ಅಲ್ಲಿ.

ಮಿನಾರ್ಡಿಯನ್ನೇ ತಗೊಳ್ಳಿ. ಇಟಲಿಯ ಫಾಯೆಂಜಾ ಅನ್ನೋ ಸಣ್ಣ ಊರಿನ ಟೀಮ್. 1985ರಿಂದ 2005ರ ತನಕ ಫಾರ್ಮುಲಾ ಒನ್‌ನಲ್ಲಿ ಇದ್ದರು. ಒಂದೇ ಒಂದು ಸಲವೂ ಪೋಡಿಯಂ, ಅಂದರೆ ಮೊದಲ ಮೂವರು ನಿಲ್ಲುವ ಕಟ್ಟೆ, ಹತ್ತಲಿಲ್ಲ. ಇಪ್ಪತ್ತೊಂದು ಸೀಸನ್ನಿನಲ್ಲಿ ಅತಿ ಹೆಚ್ಚು ಅಂದರೆ ನಾಲ್ಕನೇ ಸ್ಥಾನ. ಆದರೆ ಅಲೊನ್ಸೊ, ವೆಬರ್, ಫಿಸಿಕೆಲ್ಲಾ, ಟ್ರುಲ್ಲಿ, ಇವರೆಲ್ಲ ಮೊದಲ ಫಾರ್ಮುಲಾ ಒನ್ ರೇಸ್ ಓಡಿಸಿದ್ದು ಮಿನಾರ್ಡಿ ಕಾರಿನಲ್ಲಿ. ನಾಲ್ಕೂ ಜನ ಮುಂದೆ ಬೇರೆ ಟೀಮುಗಳಿಗೆ ರೇಸ್ ಗೆದ್ದುಕೊಟ್ಟರು.

1999ರ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ರೇಸ್ ಗೊತ್ತಿಲ್ಲದವರಿಗೆ ಆ ಕತೆ ಸ್ವಲ್ಪ ಬಿಡಿಸಿ ಹೇಳಬೇಕು. ಆ ವರ್ಷ ಲೂಕಾ ಬಾಡೊಯೆರ್ ಮಿನಾರ್ಡಿ ಡ್ರೈವರ್, ಜೊತೆಗೆ ಫೆರಾರಿಯ ಟೆಸ್ಟ್ ಡ್ರೈವರ್ ಕೂಡ. ಜುಲೈನಲ್ಲಿ ಫೆರಾರಿಯ ಡ್ರೈವರ್ ಶೂಮಾಕರ್ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಕಾಲು ಮುರಿದುಕೊಂಡ. ಜಾಗ ಖಾಲಿ ಆಯಿತು. ತಮ್ಮದೇ ಟೆಸ್ಟ್ ಡ್ರೈವರ್‌ನನ್ನು ಬಿಟ್ಟು ಫೆರಾರಿಯವರು ಮಿಕಾ ಸಾಲೋನನ್ನು ಕರೆದರು. ಬಾಡೊಯೆರ್ ಮಿನಾರ್ಡಿಯಲ್ಲೇ ಉಳಿದ. ಸೆಪ್ಟೆಂಬರ್‌ನಲ್ಲಿ ನ್ಯೂರ್‌ಬರ್ಗ್‌ರಿಂಗ್. ಮಳೆ ಬರುತ್ತೆ, ನಿಲ್ಲುತ್ತೆ, ಮತ್ತೆ ಬರುತ್ತೆ. ಮುಂದಿದ್ದವರೆಲ್ಲ ಒಬ್ಬೊಬ್ಬರಾಗಿ ರೇಸಿನಿಂದ ಹೊರಬಿದ್ದರು. ಕಣ್ಣುಜ್ಜಿಕೊಂಡು ನೋಡಿದರೆ ಬಾಡೊಯೆರ್ ನಾಲ್ಕನೇ ಸ್ಥಾನದಲ್ಲಿದ್ದಾನೆ! ಇನ್ನು ಹತ್ತು ಚಿಲ್ಲರೆ ಲ್ಯಾಪ್ ಬಾಕಿ. ಅಷ್ಟರಲ್ಲಿ ಗೇರ್‌ಬಾಕ್ಸ್ ಹೋಯಿತು. ಅವನು ಕಾರಿನಿಂದ ಇಳಿದು, ಅದರ ಪಕ್ಕದಲ್ಲೇ ಕೂತು ಅತ್ತುಬಿಟ್ಟ. ಯೂಟ್ಯೂಬಿನಲ್ಲಿ ಸಿಗುತ್ತದೆ, ನೋಡಿ.

ಎಲ್ಲರೂ ಈ ಕತೆಯನ್ನು ಅಳುವಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯ, ಅದೇ ರೇಸಿನಲ್ಲಿ ಇನ್ನೊಂದು ಮಿನಾರ್ಡಿ ಏನು ಮಾಡಿತು ಅನ್ನೋದು. ಮಾರ್ಕ್ ಹೆನೆ ಆರನೆಯವನಾಗಿ ಮುಗಿಸಿದ. ಅವನ ಹಿಂದೆ ಏಳನೇ ಸ್ಥಾನದಲ್ಲಿ ಯಾರಿದ್ದರು ಗೊತ್ತಾ? ಫೆರಾರಿಯ ಎಡ್ಡಿ ಅರ್ವೈನ್. ಆ ವರ್ಷ ಚಾಂಪಿಯನ್‌ಶಿಪ್‌ಗೆ ಹೊಡೆದಾಡುತ್ತಿದ್ದವನು. ಪಿಟ್‌ಗೆ ಟೈರ್ ಬದಲಿಸೋಕೆ ಬಂದಾಗ ಫೆರಾರಿಯವರ ಹತ್ತಿರ ಮೂರೇ ಟೈರ್ ರೆಡಿ ಇದ್ದವು, ನಾಲ್ಕನೆಯದನ್ನು ಹುಡುಕುತ್ತಾ ನಿಂತಿದ್ದರು. ಪ್ರಪಂಚದ ಅತಿ ಶ್ರೀಮಂತ ಗ್ಯಾರೇಜಿನಲ್ಲಿ ಟೈರ್ ಎಲ್ಲಿ ಅಂತ ಗೊತ್ತಿಲ್ಲ. ಈ ಕಡೆ ಆ ರೇಸಿನ ಅತಿ ಬಡ ಟೀಮ್, ಒದ್ದೆ ರೋಡಿನಲ್ಲಿ ಒಂದು ಪಾಯಿಂಟ್ ಜೋಪಾನ ಮಾಡಿಕೊಂಡು ಬಂತು. ಆಗ ಆರನೇ ಸ್ಥಾನದವರೆಗೆ ಮಾತ್ರ ಪಾಯಿಂಟ್ ಇತ್ತು. ಈಗಿನ ಹಾಗೆ ಹತ್ತು ಜನಕ್ಕೆ ಹಂಚುತ್ತಿರಲಿಲ್ಲ.

ಆ ಒಂದು ಪಾಯಿಂಟಿನಿಂದ ಏನಾಯಿತು? ವರ್ಷದ ಕೊನೆಯಲ್ಲಿ ಟೀಮುಗಳ ಪಟ್ಟಿಯಲ್ಲಿ ಮಿನಾರ್ಡಿ ಹತ್ತನೆಯದು, ಬಿಎಆರ್ ಟೀಮ್ ಹನ್ನೊಂದನೆಯದು. ಬಿಎಆರ್ ಅಂದರೆ ಸಿಗರೇಟ್ ಕಂಪನಿಯ ದುಡ್ಡಿನ ಹೊಳೆ, ಡ್ರೈವರ್ ಆಗಿ ಮಾಜಿ ಚಾಂಪಿಯನ್ ವಿಲ್‌ನೆವ್. ವರ್ಷಪೂರ್ತಿ ಸೊನ್ನೆ ಪಾಯಿಂಟ್. ಆ ಕಾಲದಲ್ಲಿ ಹತ್ತರೊಳಗೆ ಬಂದರೆ ಮುಂದಿನ ವರ್ಷದ ಪ್ರಯಾಣದ ಖರ್ಚಿಗೆ ಸಹಾಯ ಸಿಗುತ್ತಿತ್ತು. ಆರನೇ ಸ್ಥಾನ ಅಂದರೆ ಫಾಯೆಂಜಾದವರಿಗೆ ಮುಂದಿನ ವರ್ಷದ ಬದುಕು. ಇದನ್ನು ತಿಳಿದುಕೊಂಡು ನೋಡಿದರೆ, ಮುಂದೆ ಯಾರು ಗೆದ್ದರು ಅನ್ನೋದು ಎರಡನೇ ವಿಷಯ ಆಗುತ್ತದೆ. ಕ್ರಿಕೆಟ್‌ನಲ್ಲಿ ಈ ಸುಖ ಇಲ್ಲ. ಅಲ್ಲಿ ಸೋತವರು ಸೋತವರೇ. ರೇಸಿನಲ್ಲಿ ಹದಿನಾಲ್ಕನೆಯವನಿಗೂ ಹದಿನೈದನೆಯವನಿಗೂ ಬೇರೆಯದೇ ಒಂದು ರೇಸ್ ನಡೀತಾ ಇರುತ್ತದೆ. ಟಿವಿಯವರು ತೋರಿಸಲ್ಲ, ಅಷ್ಟೇ.

ಈಗ ನಮ್ಮೂರಿನ ವಿಷಯ. ಫೋರ್ಸ್ ಇಂಡಿಯಾ.

2008ರಲ್ಲಿ ವಿಜಯ್ ಮಲ್ಯ ಎರಡು ಟೀಮ್ ಇಳಿಸಿದರು. ಒಂದು ಆರ್‌ಸಿಬಿ, ಇನ್ನೊಂದು ಇದು. ಆರ್‌ಸಿಬಿಯನ್ನು ಹದಿನೆಂಟು ವರ್ಷ "ಪಾಪದ ಟೀಮ್" ಅಂತ ಎದೆಗೆ ಅಪ್ಪಿಕೊಂಡಿದ್ದೆವು. ನಾನೂ ಆರ್‌ಸಿಬಿಯವನೇ, ಬೈಬೇಡಿ. ಆದರೆ 11 ಕೋಟಿ ಡಾಲರ್‌ಗಿಂತ ಹೆಚ್ಚು ಕೊಟ್ಟು ಕೊಂಡ, ಕೊಹ್ಲಿ, ಗೇಲ್, ಡಿವಿಲಿಯರ್ಸ್ ಒಟ್ಟಿಗೆ ಆಡಿದ ಟೀಮ್ ಸಣ್ಣ ಟೀಮ್ ಹೇಗೆ ಆಗುತ್ತದೆ? ಅದು ಸೋಲುತ್ತಿದ್ದ ದೊಡ್ಡ ಟೀಮ್. ನಿಜವಾದ ಸಣ್ಣ ಟೀಮ್ ಆ ಇನ್ನೊಂದು. ಅದರ ಕಡೆ ಈ ಊರಿನಲ್ಲಿ ಜಾಸ್ತಿ ಜನ ತಿರುಗಿ ನೋಡಲಿಲ್ಲ.

ಹೆಸರಲ್ಲಿ ಇಂಡಿಯಾ ಇದ್ದರೂ ಫ್ಯಾಕ್ಟರಿ ಇದ್ದದ್ದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ. ಒಬ್ಬ ಭಾರತೀಯನೂ ಅದರ ರೇಸ್ ಡ್ರೈವರ್ ಆಗಲಿಲ್ಲ. ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಓಡಿಸಿದ್ದು ಅದೇ ಫ್ಯಾಕ್ಟರಿಯ ಕಾರನ್ನೇ, ಆದರೆ ಆಗ ಅದರ ಹೆಸರು ಜೋರ್ಡನ್. ಆ ಫ್ಯಾಕ್ಟರಿಯದೇ ಒಂದು ದೊಡ್ಡ ಕತೆ. ಎಡ್ಡಿ ಜೋರ್ಡನ್ 1991ರಲ್ಲಿ ಶುರು ಮಾಡಿದ್ದು. ಆಮೇಲೆ ಮಿಡ್ಲೆಂಡ್, ಸ್ಪೈಕರ್, ಫೋರ್ಸ್ ಇಂಡಿಯಾ, ರೇಸಿಂಗ್ ಪಾಯಿಂಟ್, ಈಗ ಆಸ್ಟನ್ ಮಾರ್ಟಿನ್. ಬೋರ್ಡ್ ಬದಲಾಯಿತು, ಕೆಲಸಗಾರರಲ್ಲಿ ಎಷ್ಟೋ ಜನ ಅಲ್ಲೇ ಉಳಿದರು. ಪೀಣ್ಯದಲ್ಲಿ ಇಂಥ ಶೆಡ್ಡುಗಳನ್ನು ಬೇಕಾದಷ್ಟು ನೋಡಿದ್ದೇನೆ. ಓನರ್ ಬದಲಾಗುತ್ತಾರೆ, ಫಿಟ್ಟರ್ ಬದಲಾಗುವುದಿಲ್ಲ.

ಫೋರ್ಸ್ ಇಂಡಿಯಾಗೆ ಮೊದಲ ವರ್ಷ ಒಂದು ಪಾಯಿಂಟೂ ಇಲ್ಲ. 2008ರ ಮೊನಾಕೊ ರೇಸಿನಲ್ಲಿ ಅದರ ಡ್ರೈವರ್ ಸುಟಿಲ್ ನಾಲ್ಕನೇ ಸ್ಥಾನದಲ್ಲಿದ್ದಾಗ, ಇನ್ನೇನು ಮುಗೀಬೇಕು ಅನ್ನುವಾಗ, ಹಿಂದಿನಿಂದ ಬಂದ ರೈಕೊನೆನ್‌ನ ಫೆರಾರಿ ಕಂಟ್ರೋಲ್ ತಪ್ಪಿ ಗುದ್ದಿತು. ಸುಟಿಲ್ ಕೂಡ ಬಾಡೊಯೆರ್ ಹಾಗೇ ಅತ್ತ. 2009ರಲ್ಲೂ ಆಗಸ್ಟ್ ಕೊನೆಯವರೆಗೆ ಸೊನ್ನೆ. ಆಮೇಲೆ ಬೆಲ್ಜಿಯಂನ ಸ್ಪಾ ರೇಸ್ ಬಂತು. ಫೋರ್ಸ್ ಇಂಡಿಯಾದ ಫಿಸಿಕೆಲ್ಲಾಗೆ ಪೋಲ್, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಜಾಗ! ಪೋಲ್ ಹೊಡೆದದ್ದು ಒಂದು ಆಶ್ಚರ್ಯ. ರೇಸಿನಲ್ಲಿ ರೈಕೊನೆನ್‌ನ ಬೆನ್ನು ಬಿಡದೆ, ಒಂದು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಎರಡನೆಯವನಾಗಿ ಮುಗಿಸಿದ್ದು ಇನ್ನೂ ದೊಡ್ಡದು. ಅಪಘಾತ ಆದಾಗ ಎಲ್ಲರನ್ನೂ ನಿಧಾನ ಮಾಡಿಸುವ ಸೇಫ್ಟಿ ಕಾರ್ ಒಳಗೆ ಹೋದ ಕೂಡಲೇ ಫೆರಾರಿಯವನು ಕರ್ಸ್ (ಬ್ರೇಕ್ ಹಾಕುವಾಗ ಕೂಡಿಟ್ಟ ಶಕ್ತಿಯನ್ನು ವೇಗಕ್ಕೆ ಬಳಸುವ ಸಾಧನ) ಬಟನ್ ಒತ್ತಿ ನೇರ ರಸ್ತೆಯಲ್ಲಿ ಮುಂದೆ ಹೋದ. ಫೋರ್ಸ್ ಇಂಡಿಯಾ ಕಾರಿನಲ್ಲಿ ಆ ಕರ್ಸ್ ಇರಲಿಲ್ಲ.

ಇದು ಲಾಟರಿ ಅಲ್ಲ. ಆ ಕಾರು ಗಾಳಿಗೆ ಕಡಿಮೆ ಅಡ್ಡ ಬರುವ ಹಾಗಿತ್ತು. ತಿರುವುಗಳೇ ಜಾಸ್ತಿ ಇರುವ ಟ್ರ್ಯಾಕಿನಲ್ಲಿ ತಿಣುಕಾಡುತ್ತಿತ್ತು. ಉದ್ದ ನೇರ ರಸ್ತೆ ಇರುವಲ್ಲಿ ಹುಲಿ. ಮುಂದಿನ ರೇಸ್, ಇಟಲಿಯ ಮೊಂಜಾದಲ್ಲೂ ಸುಟಿಲ್ ಎರಡನೇ ಸ್ಥಾನದಿಂದ ಹೊರಟು ನಾಲ್ಕನೆಯವನಾದ. ಎಲ್ಲಾ ಕಡೆ ಸುಮಾರಾಗಿ ಓಡುವ ಬದಲು, ಎರಡು ಕಡೆ ಚೆನ್ನಾಗಿ ಓಡಿತು. ಬೆರಳಿಟ್ಟು ತೋರಿಸಬಹುದು ಅಂದೆನಲ್ಲ, ಇದೇ ಅದು.

ಇನ್ನೊಂದು ವಿಷಯ ಹೇಳಿದರೆ ನೀವು ನಂಬಲ್ಲ. ಆ ದಿನ ಸ್ಪಾದಲ್ಲಿ ಗ್ರಿಡ್ಡಿನ, ಅಂದರೆ ಹೊರಡುವ ಸಾಲಿನ, ಕಟ್ಟಕಡೆಯಲ್ಲಿ ನಿಂತಿದ್ದ ಕಾರು ಫೆರಾರಿ. ಅದರಲ್ಲಿ ಇದ್ದವನು ಅದೇ ಲೂಕಾ ಬಾಡೊಯೆರ್. ಹತ್ತು ವರ್ಷ ಕಾದ ಮೇಲೆ, ಗಾಯಗೊಂಡ ಮಾಸಾನ ಬದಲಿಗೆ ಅವನನ್ನು ಕೂರಿಸಿದ್ದರು. ಸ್ಪಾ ಆದ ಮೇಲೆ ಅವನನ್ನು ಇಳಿಸಿ ಫಿಸಿಕೆಲ್ಲಾನನ್ನು ಕರೆದುಕೊಂಡರು. ಫಿಸಿಕೆಲ್ಲಾ ಫೆರಾರಿಯಲ್ಲಿ ಐದು ರೇಸ್ ಓಡಿಸಿದ, ಒಂದು ಪಾಯಿಂಟೂ ಬರಲಿಲ್ಲ. ದೊಡ್ಡ ಕಾರಿನಲ್ಲಿ ಕೂತರೆ ಸಾಕು ಅನ್ನುವವರು ಈ ಪ್ಯಾರಾವನ್ನು ಇನ್ನೊಮ್ಮೆ ಓದಬಹುದು.

ಓನರ್ ವಿಷಯಕ್ಕೆ ಬರಲೇಬೇಕು, ಇಲ್ಲದಿದ್ದರೆ ಕಾಮೆಂಟಿನಲ್ಲಿ ಅದೇ ಬರುತ್ತದೆ. 2012ರಲ್ಲಿ ಕಿಂಗ್‌ಫಿಷರ್ ವಿಮಾನಗಳು ನಿಂತವು. ತಿಂಗಳುಗಟ್ಟಲೆ ಸಂಬಳ ಇಲ್ಲದೆ ಒದ್ದಾಡಿದವರು ಈ ಊರಿನಲ್ಲೂ ಇದ್ದರು. ಅಂಥ ಹೊತ್ತಿನಲ್ಲಿ ಅದೇ ಓನರ್‌ನ ರೇಸ್ ಟೀಮಿಗೆ ಚಪ್ಪಾಳೆ ಹೊಡೆಯೋದು ಸರಿಯಾ? ಸರಿಯಾದ ಪ್ರಶ್ನೆ. ನನ್ನ ಚಪ್ಪಾಳೆ ಓನರ್‌ಗಲ್ಲ ಅಂತ ಹೇಳಿ ತಪ್ಪಿಸಿಕೊಳ್ಳಬಹುದು, ಆದರೆ ಆ ಹೆಸರಿಲ್ಲದೆ ಆ ಟೀಮ್ ಇರಲಿಲ್ಲ ಅನ್ನೋದೂ ನಿಜ. ಸಣ್ಣ ಟೀಮಿನ ಕತೆಗಳನ್ನು ಸಿಹಿ ಮಾಡಿ ಹೇಳುವವರು ಈ ಭಾಗ ಬಿಟ್ಟುಬಿಡುತ್ತಾರೆ. ದುಡ್ಡಿಲ್ಲದ ಕಡೆ ಸಂಬಳ ತಡ ಆಗುತ್ತದೆ, ಸಪ್ಲೈಯರ್‌ಗಳಿಗೆ ಬಾಕಿ ಉಳಿಯುತ್ತದೆ. ದುಡ್ಡು ತಂದವನಿಗೆ ಸೀಟು ಸಿಗುತ್ತದೆ, ಅವನಿಗಿಂತ ಚೆನ್ನಾಗಿ ಓಡಿಸುವವನು ಮನೆಯಲ್ಲಿ ಕೂರುತ್ತಾನೆ. 2015ರ ಶುರುವಿನಲ್ಲಿ ಫೋರ್ಸ್ ಇಂಡಿಯಾದ ಹೊಸ ಕಾರು ಹೊತ್ತಿಗೆ ತಯಾರಾಗದೆ, ಹಳೇ ಕಾರು ತಂದು ಟೆಸ್ಟಿಂಗ್ ಮಾಡಿದರು. ಬಾಕಿ ವಸೂಲಿಗೆ ದೊಡ್ಡ ಕಂಪನಿಯೊಂದರ ಅಕೌಂಟ್ಸ್ ಸೆಕ್ಷನ್ ಮುಂದೆ ಬೆಂಚಿನ ಮೇಲೆ ಕೂತವನು ನಾನು. ಬಾಕಿ ಉಳಿದ ಸಪ್ಲೈಯರ್ ಕಷ್ಟ ನನಗೆ ರೊಮ್ಯಾಂಟಿಕ್ ಅನ್ನಿಸಲ್ಲ.

ಆದರೂ ಅದೇ ವರ್ಷ ಫೋರ್ಸ್ ಇಂಡಿಯಾದವರು ಟೀಮುಗಳ ಪಟ್ಟಿಯಲ್ಲಿ ಐದನೇ ಸ್ಥಾನಕ್ಕೆ ಬಂದರು. 2016 ಮತ್ತು 2017ರಲ್ಲಿ ನಾಲ್ಕನೇ ಸ್ಥಾನ. ಇಂಜಿನ್, ಗೇರ್‌ಬಾಕ್ಸ್ ಎರಡನ್ನೂ ಮರ್ಸಿಡಿಸ್‌ನಿಂದ ಕೊಂಡರು. ಬೇರೆಯವರು ಚೆನ್ನಾಗಿ ಮಾಡೋದನ್ನು ತಾವು ಮಾಡೋಕೆ ಹೋಗಲಿಲ್ಲ. ಉಳಿದ ದುಡ್ಡನ್ನು ಉಳಿದ ಕಾರಿಗೆ ಹಾಕಿದರು. 2018ರ ಜುಲೈನಲ್ಲಿ ಎಲ್ಲಾ ಕುಸಿಯಿತು. ತನಗೂ ಬಾಕಿ ಬರಬೇಕಿದ್ದ ಡ್ರೈವರ್ ಪೆರೆಸ್ಸೇ ಕೋರ್ಟಿಗೆ ಹೋಗಿ, ಆಡಳಿತ ಬೇರೆಯವರ ಕೈಗೆ ಹೋಗುವಂತೆ ಮಾಡಿದ. ಸುಮಾರು 400 ಜನರ ಕೆಲಸ ಉಳಿಯಿತು. ಹೊಸ ಓನರ್ ಬಂದರು. ಟೀಮನ್ನು ಹೊಸದು ಅಂತ ಲೆಕ್ಕ ಹಾಕಿ, ಅಲ್ಲಿಯವರೆಗೆ ಗಳಿಸಿದ್ದ 59 ಪಾಯಿಂಟ್ ಅಳಿಸಿದರು. ಸೊನ್ನೆಯಿಂದ ಶುರು ಮಾಡಿದ ಮೊದಲ ರೇಸ್ ಮತ್ತೆ ಸ್ಪಾ. ಹೊರಡುವ ಜಾಗ ತೀರ್ಮಾನಿಸುವ ಮಳೆಯ ಕ್ವಾಲಿಫೈಯಿಂಗ್‌ನಲ್ಲಿ ಮೂರು, ನಾಲ್ಕು. ರೇಸಿನಲ್ಲಿ ಐದು, ಆರು. ಆ ವಾರ ಆ ಗ್ಯಾರೇಜಿನಲ್ಲಿ ಕೆಲಸ ಮಾಡಿದ ಮೆಕ್ಯಾನಿಕ್‌ಗಳ ಬಗ್ಗೆ ಯಾರೂ ಸಿನಿಮಾ ಮಾಡಲ್ಲ.

ಎರಡು ವರ್ಷದ ನಂತರ ಬಹ್ರೇನ್‌ನಲ್ಲಿ, ಮೊದಲ ಲ್ಯಾಪಿನಲ್ಲೇ ಕೊನೆಗೆ ಬಿದ್ದ ಪೆರೆಸ್ ಅದೇ ಟೀಮಿಗೆ ರೇಸ್ ಗೆದ್ದುಕೊಟ್ಟ. ಈಗ ಅದು ಆಸ್ಟನ್ ಮಾರ್ಟಿನ್. ಹೊಸ ಕ್ಯಾಂಪಸ್, ಸ್ವಂತ ವಿಂಡ್ ಟನಲ್, ಕಾರ್ ಡಿಸೈನರ್ ನ್ಯೂಯಿ, ಡ್ರೈವರ್ ಅಲೊನ್ಸೊ. ಒಳ್ಳೆಯದಾಗಲಿ. ಅವರಿಗೆ ಇನ್ನು ನನ್ನ ಬೆಂಬಲ ಬೇಕಿಲ್ಲ.

ಬ್ರಾನ್ ಟೀಮಿನ ಕತೆ ಯಾಕೆ ಬಿಟ್ಟೆ ಅಂತ ಕೇಳುತ್ತೀರಿ. 2009ರಲ್ಲಿ ಹೋಂಡಾದವರಿಂದ ಒಂದು ಪೌಂಡ್‌ಗೆ ಟೀಮ್ ಕೊಂಡು ಚಾಂಪಿಯನ್ ಆದರು, ನಿಜ. ಆದರೆ ಆ ಕಾರಿನ ಹಿಂದೆ ಹೋಂಡಾದ ದುಡ್ಡು ಇತ್ತು. ಶ್ರೀಮಂತರ ಮನೆಯ ಅಡುಗೆ ಅದು, ಬಡಿಸಿದವರು ಮಾತ್ರ ಬೇರೆ.

ನಮ್ಮ ಶಾಪಿಗೆ ಕೆಲವೊಮ್ಮೆ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಬರುತ್ತಾರೆ. ಕೊಯಮತ್ತೂರಿನ ಕರಿ ಅನ್ನೋ ಹೆಸರಿನ ಟ್ರ್ಯಾಕಿನಲ್ಲಿ ನಡೆಯುವ ಕಾಲೇಜು ಸ್ಪರ್ಧೆ ಫಾರ್ಮುಲಾ ಭಾರತ್‌ಗೆ ಕಾರು ಕಟ್ಟುವವರು. ಅಲ್ಯೂಮಿನಿಯಂ ಅಪ್‌ರೈಟ್ (ಚಕ್ರ ಹಿಡಿಯುವ ಭಾಗ) ಮಾಡಿಕೊಡಿ ಅಂಕಲ್, ದುಡ್ಡು ಆಮೇಲೆ, ಈಗ ಕಾರಿನ ಮೇಲೆ ನಿಮ್ಮ ಸ್ಟಿಕ್ಕರ್ ಹಾಕ್ತೀವಿ ಅನ್ನುತ್ತಾರೆ. ನನ್ನ ಪಾರ್ಟ್ನರ್‌ಗೆ ಸಿಟ್ಟು. ಡ್ರಾಯಿಂಗ್ ನೋಡಿದರೆ ಬೇಕಿಲ್ಲದ ಕಡೆಯೆಲ್ಲ ಟೈಟ್ ಟಾಲರೆನ್ಸ್, ಅಂದರೆ ಅಳತೆ ಕೂದಲೆಳೆಯಷ್ಟೂ ತಪ್ಪಬಾರದು. ಇಲ್ಲಿ ಬಿಡಿ, ಬೇರಿಂಗ್ ಕೂರುವಲ್ಲಿ ಮಾತ್ರ ಹಿಡೀರಿ, ಅರ್ಧ ಖರ್ಚು ಉಳಿಯುತ್ತದೆ ಅಂತ ಕೂರಿಸಿ ಹೇಳಬೇಕು. ಅದನ್ನು ಕಲಿತ ಹುಡುಗರು ಮುಂದಿನ ವರ್ಷ ಬರುವಾಗ ಡ್ರಾಯಿಂಗೇ ಬೇರೆ ಇರುತ್ತದೆ.

ಇನ್ನು ಹಾಸ್. ನಮ್ಮ ಪೀಣ್ಯದವರಿಗೆ ಹಾಸ್ ಅಂದರೆ ಮೊದಲು ನೆನಪಾಗೋದು ಲೋಹ ಕತ್ತರಿಸುವ ಸಿಎನ್‌ಸಿ ಮಷಿನ್. ಅದೇ ಕಂಪನಿಯ ಜೀನ್ ಹಾಸ್ ಅವರದೇ ಈ ಟೀಮ್. ಹಾಗಾಗಿ ಓನರ್ ಬಡವ ಅಂತ ಯಾರೂ ಹೇಳಲ್ಲ. 2021ರಿಂದ ಖರ್ಚಿಗೆ ಮಿತಿ ಬಂದ ಮೇಲೆ ಮಿನಾರ್ಡಿ ಥರದ ಬಡತನ ಫಾರ್ಮುಲಾ ಒನ್‌ನಲ್ಲಿ ಉಳಿದಿಲ್ಲ. ಸೌಬರ್ ಅನ್ನೋ ಟೀಮ್ ಕೂಡ ಆಡಿ ಕಾರ್ ಕಂಪನಿಯ ಕೈಗೆ ಹೋಯಿತು. ಹೋಗುವ ಮೊದಲು 2025ರ ಸಿಲ್ವರ್‌ಸ್ಟೋನ್‌ನಲ್ಲಿ ಹುಲ್ಕೆನ್‌ಬರ್ಗ್ ಸೌಬರ್ ಕಾರಿನಲ್ಲಿ ಹತ್ತೊಂಬತ್ತನೇ ಜಾಗದಿಂದ ಹೊರಟು, ತನ್ನ 239ನೇ ರೇಸಿನಲ್ಲಿ ಮೊದಲ ಸಲ ಪೋಡಿಯಂ ಹತ್ತಿದ. ಅವತ್ತು ನಮ್ಮ ಗ್ರೂಪಿನಲ್ಲಿ ಫೆರಾರಿಯವರೂ ಕುಣಿದಿದ್ದರು, ನೆನಪಿದೆ ಅಲ್ವಾ?

ಕ್ಯಾಡಿಲಾಕ್ ಟೀಮಿನವರು ಹೊಸಬರು, ಅವರನ್ನು ಸಪೋರ್ಟ್ ಮಾಡು ಅಂತ ಒಬ್ಬರ ಸಲಹೆ. ಒಳಗೆ ಬರೋಕೇ 45 ಕೋಟಿ ಡಾಲರ್ ಕಟ್ಟಿದರು ಅಂತ ವರದಿ ಇದೆ. ಗ್ರಿಡ್ಡಿನ ಹಿಂದೆ ನಿಂತ ಮಾತ್ರಕ್ಕೆ ಸಣ್ಣವರಾಗಲ್ಲ. ಹಾಸ್‌ನಲ್ಲಿ ಜನ ಕಡಿಮೆ. ಇಂಜಿನ್, ಗೇರ್‌ಬಾಕ್ಸ್ ಎಲ್ಲಾ ಫೆರಾರಿಯಿಂದ ಕೊಳ್ಳುತ್ತಾರೆ, ಚಾಸಿಯನ್ನು ಇಟಲಿಯ ಡಲ್ಲಾರಾ ಕಂಪನಿಯವರ ಹತ್ತಿರ ಮಾಡಿಸಿಕೊಳ್ಳುತ್ತಾರೆ. ಪಕ್ಕಾ ಜಾಬ್ ವರ್ಕ್ ಬುದ್ಧಿ. 2025ರ ಮೆಕ್ಸಿಕೋದಲ್ಲಿ ಹಾಸ್ ಡ್ರೈವರ್ ಬೇರ್‌ಮನ್ ನಾಲ್ಕನೆಯವನಾದ. 2025ರವರೆಗಿನ ಹತ್ತು ಸೀಸನ್ನಿನಲ್ಲಿ ಅವರ ಅತ್ಯುತ್ತಮ ಫಲಿತಾಂಶ ನಾಲ್ಕನೇ ಸ್ಥಾನವೇ, ಮಿನಾರ್ಡಿಯವರದ್ದೂ ಅಷ್ಟೇ ಆಗಿತ್ತು. ಗ್ರೂಪಿನಲ್ಲಿ ನಗುವವರು ನಗಲಿ. ಮುಂದಿನ ರೇಸ್ ದಿನ ನನ್ನ ಕಣ್ಣು ಹತ್ತನೇ ಸ್ಥಾನದ ಸುತ್ತಮುತ್ತಲೇ ಇರುತ್ತದೆ, ಮುಂದೆ ಯಾರಿದ್ದಾರೆ ಅಂತ ನೀವು ಮೆಸೇಜ್ ಹಾಕಿ.