ಹಾರ ಹಾಕಿಸಿಕೊಂಡ ಪಾತ್ರಧಾರಿ

ನನಗೊಂದು ಕೆಟ್ಟ ಚಾಳಿ ಇದೆ. ಚಿಕ್ಕಮ್ಮನ ಮನೆಯಲ್ಲಿ ಎಲ್ಲರೂ ಸೀರಿಯಲ್ ಮುಂದೆ ಕೂತಿರುತ್ತಾರೆ. ಅತ್ತೆ ಹಾಲಿನ ಲೋಟಕ್ಕೆ ಏನೋ ಬೆರೆಸಿದ್ದಾಳೆ, ಸೊಸೆ ಲೋಟ ಎತ್ತಿದ್ದಾಳೆ, ಕ್ಯಾಮೆರಾ ಮನೆಯ ಒಬ್ಬೊಬ್ಬರ ಮುಖಕ್ಕೂ ಮೂರು ಮೂರು ಸಲ ಹೋಗಿ ಬರುತ್ತಿದೆ. ಸರಿಯಾಗಿ ಆಗಲೇ ನಾನು, ಹಿಂದೆ ಬಾಗಿಲ ಹತ್ತಿರ ಹೆಗಲಿಗೆ ಟವೆಲ್ ಹಾಕಿಕೊಂಡು ನಿಂತ ಅಡುಗೆ ಭಟ್ಟರ ಕಡೆ ಬೆರಳು ಮಾಡಿ, "ಅಯ್ಯೋ ಇವ್ರು! ರಂಗಾಯಣದ ನಾಟಕದಲ್ಲಿ ರಾಜ ಆಗಿದ್ರಲ್ಲ, ಅವ್ರೇ!" ಅಂತ ಕೂಗಿಬಿಡುತ್ತೇನೆ. "ಸುಮ್ನಿರೋ, ಅವಳು ಕುಡಿದುಬಿಡ್ತಾಳೆ ಈಗ" ಅಂತಾರೆ ಚಿಕ್ಕಮ್ಮ. ರಾಜನ ಗತಿ ಏನಾಯಿತು ಅಂತ ಯಾರಿಗೂ ಬೇಕಿಲ್ಲ. ಸೊಸೆ ಕುಡಿಯುವುದೂ ಇಲ್ಲ ಬಿಡಿ. ಅವತ್ತು ಶುಕ್ರವಾರ, ಕುಡಿಯಬೇಕಾದ್ದು ಸೋಮವಾರ.

ಮೈಸೂರಿನವರಿಗೆ ಈ ಚಾಳಿ ಅಂಟದೇ ಇರುವುದು ಕಷ್ಟ. 1989ರಲ್ಲಿ ನಾಟಕ ನಿರ್ದೇಶಕ ಬಿ.ವಿ. ಕಾರಂತರು ಕಲಾಮಂದಿರದ ಆವರಣದಲ್ಲಿ ರಂಗಾಯಣ ಅನ್ನುವ ಸರ್ಕಾರಿ ನಾಟಕ ಸಂಸ್ಥೆ ಶುರು ಮಾಡಿದರು. ನಾಟಕವನ್ನೇ ಕೆಲಸ ಅಂತ ಮಾಡಿ ತಿಂಗಳ ಸಂಬಳ ತಗೊಳ್ಳುವ ಜನರನ್ನು ಈ ಊರು ಆಗ ಕಣ್ಣಾರೆ ಕಂಡಿತು. ಆಮೇಲೆ ಹೆಸರಲ್ಲಿ ಮಂಡ್ಯ ಇಟ್ಟುಕೊಂಡ ಮಂಡ್ಯ ರಮೇಶ್ ಮೈಸೂರಿಗೆ ಬಂದು 'ನಟನ' ಅನ್ನುವ ರಂಗಶಾಲೆ ಕಟ್ಟಿದರು. ಅತ್ತ ಹೆಗ್ಗೋಡಿನ ನೀನಾಸಂ 1980ರಿಂದ ವರ್ಷಾ ವರ್ಷಾ ಒಂದು ಗುಂಪು ನಟರನ್ನು ತಯಾರು ಮಾಡಿ ಹೊರಗೆ ಬಿಡುತ್ತಲೇ ಇದೆ. ಅಚ್ಯುತ್ ಕುಮಾರ್ ಅಲ್ಲಿಂದ ಬಂದವರೇ. ಸತೀಶ್ ನೀನಾಸಂ ನಮ್ಮ ಮಂಡ್ಯ ಸೀಮೆಯವರು, ಅಲ್ಲಿ ಕಲಿತು ಬಂದವರು. ಸಂಚಾರಿ ವಿಜಯ್ ತಮ್ಮ ನಾಟಕ ತಂಡ 'ಸಂಚಾರಿ'ಯ ಹೆಸರು ಇಟ್ಟುಕೊಂಡೇ ರಾಷ್ಟ್ರಪ್ರಶಸ್ತಿ ತಗೊಂಡರು. ಅಚ್ಯುತ್ ಒಬ್ಬರನ್ನು ಬಿಟ್ಟರೆ ಇವರೆಲ್ಲ ಬುದ್ಧಿವಂತರು ಕಣ್ರೀ. ಶಾಲೆಯ ಹೆಸರನ್ನೋ ತಂಡದ ಹೆಸರನ್ನೋ ಊರಿನ ಹೆಸರನ್ನೋ ತಮ್ಮ ಹೆಸರಿಗೇ ಅಂಟಿಸಿಕೊಂಡುಬಿಟ್ಟರು. ನನ್ನಂಥವನು ಬೆರಳು ಮಾಡಿ ತೋರಿಸಬೇಕಾದ ಅಗತ್ಯವೇ ಇಲ್ಲ, ಟೈಟಲ್ ಕಾರ್ಡೇ ಹೇಳುತ್ತದೆ.

ಹಾಗೆ ನೋಡಿದರೆ ಮೊದಲಿಂದಲೂ ಇದೇ ಕಥೆ. 1934ರಲ್ಲಿ ಕನ್ನಡದ ಮೊದಲ ಟಾಕಿ ಬಂತಲ್ಲ, 'ಸತಿ ಸುಲೋಚನ', ಅದರಲ್ಲಿ ಆರ್. ನಾಗೇಂದ್ರರಾಯರು ರಾವಣ, ಎಂ.ವಿ. ಸುಬ್ಬಯ್ಯ ನಾಯ್ಡು ಇಂದ್ರಜಿತು. ಇಬ್ಬರೂ ನಾಟಕ ಕಂಪನಿಯವರು. ಇಪ್ಪತ್ತು ವರ್ಷ ಬಿಟ್ಟು ಬಂದ ರಾಜ್‌ಕುಮಾರ್ ಕೂಡ ಗುಬ್ಬಿ ಕಂಪನಿಯಲ್ಲಿ ಬಣ್ಣ ಹಚ್ಚಿದವರು, ಅವರ ತಂದೆ ಪುಟ್ಟಸ್ವಾಮಯ್ಯನವರೂ ಅಲ್ಲೇ. ಆ ಕಾಲದಲ್ಲಿ ಥಿಯೇಟರಿನಲ್ಲಿ ಕೂತು "ಏಯ್, ಇವ್ರು ನಾಟಕದವ್ರು!" ಅಂತ ಯಾರಾದರೂ ಕೂಗಿದ್ದರೆ ಪಕ್ಕದವನು ತಿರುಗಿ "ಮತ್ತೆ ಇನ್ಯಾರು ಇರ್ತಾರೆ?" ಅಂತಿದ್ದ. ಆಗ ಜನ ನಾಟಕ ನೋಡಿ ಗುರುತಿಟ್ಟುಕೊಂಡ ಮುಖವನ್ನು ಸಿನಿಮಾದಲ್ಲಿ ಹುಡುಕುತ್ತಿದ್ದರು. ಈಗ ಸೀರಿಯಲ್‌ನಲ್ಲಿ ಹನ್ನೆರಡು ಸೆಕೆಂಡ್ ಕಂಡ ಮುಖ ಎದುರಿಗೆ ತರಕಾರಿ ಕೊಳ್ಳುತ್ತಿದ್ದರೆ, "ನಿಮ್ಮನ್ನ ಎಲ್ಲೋ ನೋಡಿದೀನಿ, ಬ್ಯಾಂಕಲ್ಲಿ ಇದ್ರಾ?" ಅಂತ ಕೇಳುತ್ತೇವೆ.

ಅಲ್ಲ, ಇವರಿಗೆ ಕೊಡುವ ಪಾತ್ರಗಳಾದರೂ ಎಂಥವು ನೋಡಿ. ಆಪರೇಷನ್ ಥಿಯೇಟರಿನಿಂದ ಮಾಸ್ಕ್ ಕೆಳಗೆ ಎಳೆಯುತ್ತಾ ಬಂದು "ಇಪ್ಪತ್ತನಾಲ್ಕು ಗಂಟೆ ಏನೂ ಹೇಳಕ್ಕಾಗಲ್ಲ" ಅನ್ನುವ ಡಾಕ್ಟರು. ಹೊಡೆದಾಟ ಪೂರ್ತಿ ಮುಗಿದ ಮೇಲೆ ಜೀಪಿನಿಂದ ಇಳಿಯುವ ಇನ್ಸ್‌ಪೆಕ್ಟರು. ಜಾತಕ ನೋಡಿ ಮುಖ ಸಣ್ಣ ಮಾಡಿಕೊಳ್ಳುವ ಜೋಯಿಸರು. 2010ರಲ್ಲಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ರಂಗಾಯಣದಲ್ಲಿ ರಾತ್ರಿಯಿಡೀ ನಡೆಯಿತು. ಸುಮಾರು ಒಂಬತ್ತು ಗಂಟೆಯ ನಾಟಕ, ಒಂದು ವೇದಿಕೆ ಮುಗಿಸಿ ಇನ್ನೊಂದಕ್ಕೆ ಪ್ರೇಕ್ಷಕರೇ ಎದ್ದು ಹೋಗಬೇಕು. ಮೈಸೂರಿನ ನಟರು ಅಂದರೆ ಬೆಳಗಾಗುವ ತನಕ ಅಂಥದನ್ನು ಎಳೆದುಕೊಂಡು ಹೋಗುವ ಗಟ್ಟಿ ಜನ. ಸೀರಿಯಲ್ ಸೆಟ್ಟಿನಲ್ಲಿ ಇವರಿಗೂ ಒಬ್ಬ ಹುಡುಗ ಕ್ಯಾಮೆರಾ ಪಕ್ಕ ಕೂತು ಪ್ರಾಂಪ್ಟ್ ಮಾಡುತ್ತಾನೆ. ಏನಂತ? "ಬಂದೆ ಅಮ್ಮಾವ್ರೆ."

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮ ಬಡಾವಣೆಯಲ್ಲಿ ಹೋದ ವರ್ಷ ರಾಜ್ಯೋತ್ಸವ. ಯಾವ ಬಡಾವಣೆ ಅಂತ ಕೇಳಬೇಡಿ, ನಾನು ಅಲ್ಲೇ ಬಾಳಬೇಕು. ಮೈಸೂರಿನಲ್ಲಿ ರಾಜ್ಯೋತ್ಸವ ನವೆಂಬರ್ ಒಂದಕ್ಕೇ ಮುಗಿಯುವುದಿಲ್ಲ, ಶಾಮಿಯಾನ ಸಿಕ್ಕ ದಿನ ಆಗುತ್ತದೆ, ಡಿಸೆಂಬರ್‌ಗೆ ಹೋದರೂ ಹೋಯಿತು. ಮುಖ್ಯ ಅತಿಥಿ ಯಾರು ಅಂತ ಮೀಟಿಂಗ್ ನಡೆಯಿತು. ನಮ್ಮಿಂದ ಎರಡು ರಸ್ತೆ ಆಚೆ ಒಬ್ಬ ರಂಗನಟರಿದ್ದಾರೆ, ಮೂವತ್ತು ವರ್ಷದಿಂದ ನಾಟಕ ಮಾಡುತ್ತಿದ್ದಾರೆ, ಅವರನ್ನು ಕರೆಯೋಣ ಅಂದೆ. ಯಾರೂ ಮಾತಾಡಲಿಲ್ಲ. "ಈಗ ಸೀರಿಯಲ್ನಲ್ಲೂ ಬರ್ತಾರೆ" ಅಂದೆ. ಕಾರ್ಯದರ್ಶಿಗಳು ಎದ್ದು ಕೂತರು. "ಮೊದ್ಲೇ ಹೇಳೋದಲ್ವಾ ಅದನ್ನ!"

ಆ ಸೀರಿಯಲ್‌ನಲ್ಲಿ ಅವರ ಪಾತ್ರ ಏನು ಅಂತ ಹೇಳಬೇಕು. ದೊಡ್ಡ ಮನೆತನದ ಯಜಮಾನರು. ಮೊದಲನೇ ವಾರ ಎದೆ ಹಿಡಿದುಕೊಂಡು, "ಮಗಳೇ, ಆ ಬೀರುವಿನಲ್ಲಿ..." ಅಂದು ಸತ್ತು ಹೋಗುತ್ತಾರೆ. ಬೀರುವಿನಲ್ಲಿ ಏನಿದೆ ಅನ್ನುವುದೇ ಮುಂದಿನ ಎರಡು ವರ್ಷದ ಕಥೆ. ಅಲ್ಲಿಂದ ಅವರು ಹಾಲ್‌ನ ಗೋಡೆ ಮೇಲೆ ಫೋಟೋ. ದಪ್ಪ ಗಂಧದ ಹಾರ, ಕೆಳಗೆ ಮಿಣಮಿಣ ಎನ್ನುವ ಬಲ್ಬು. ಯಾರು ಅತ್ತರೂ ಆ ಫೋಟೋ ಮುಂದೆ ಬಂದೇ ಅಳಬೇಕು. ಯಾರು ಸಂಚು ಮಾಡಿದರೂ ಕ್ಯಾಮೆರಾ ಒಂದು ಸಲ ಅವರ ಕಡೆ ತಿರುಗಿ, ಗಾಳಿ ಬೀಸಿ, ಹಾರ ಅಲ್ಲಾಡಬೇಕು. ಒಂದು ದಿನ ಕಾಫಿ ಕುಡಿಯುತ್ತಾ ಅವರೇ ಹೇಳಿದರು. "ನೋಡೀ, ಶೂಟಿಂಗ್ ಎರಡೇ ದಿನ. ದುಡ್ಡೂ ಎರಡು ದಿನದ್ದೇ. ಫೋಟೋಗೆ ಕಾಲ್‌ಶೀಟ್ ಇಲ್ಲ. ಆದ್ರೆ ದಿನಾ ರಾತ್ರಿ ಡ್ಯೂಟಿ ಮಾಡ್ತಾ ಇದೀನಿ." ನಕ್ಕರು. ನಗು ಮಾತ್ರ ನಾಟಕದ್ದೇ, ಪಕ್ಕದ ಟೇಬಲ್ಲಿನವರೆಲ್ಲ ತಿರುಗಿ ನೋಡುವಷ್ಟು.

ಸರಿ, ಫ್ಲೆಕ್ಸ್ ಆಗಬೇಕಲ್ಲ. ಕಾರ್ಯದರ್ಶಿಗಳ ಮಗ ಇಂಟರ್ನೆಟ್‌ನಲ್ಲಿ ಅವರ ಹೆಸರು ಹೊಡೆದ. ಮೂವತ್ತು ವರ್ಷದ ನಾಟಕಗಳ ಫೋಟೋ ಇದ್ದವು, ಎಲ್ಲ ಕತ್ತಲೆ, ಮುಖಕ್ಕೆಲ್ಲ ಬಣ್ಣ, ತಲೆ ಮೇಲೆ ಕಿರೀಟ. ಸ್ಪಷ್ಟವಾಗಿ, ಬೆಳ್ಳಗೆ, ಮನುಷ್ಯರ ಥರ ಕಾಣುವುದು ಒಂದೇ ಒಂದು. ಅದೇ, ಹಾರ ಹಾಕಿದ್ದು. ಫ್ಲೆಕ್ಸ್ ಅಂಗಡಿ ಹುಡುಗ ಹಾರ ತೆಗೆಯಲು ನೋಡಿದನಂತೆ, ಹಾರದ ಜತೆಗೆ ಅರ್ಧ ಹೆಗಲೂ ಹೋಯಿತಂತೆ, "ಇರ್ಲಿ ಬಿಡಿ ಸಾರ್, ಗ್ರ್ಯಾಂಡಾಗಿದೆ" ಅಂದನಂತೆ. ಕೆಳಗೆ ದೊಡ್ಡ ಅಕ್ಷರದಲ್ಲಿ 'ಭಾವಪೂರ್ಣ ಸ್ವಾಗತ' ಅಂತ ಹಾಕಿಸಿದರು.

ಅದನ್ನು ಕಟ್ಟಿದ್ದು ಸರ್ಕಲ್ಲಿನ ಹೊಂಗೆ ಮರದ ಪಕ್ಕ. 'ಸ್ವಾಗತ' ಪೂರ್ತಿ ಎಲೆ ಹಿಂದೆ ಹೋಯಿತು. ಉಳಿದದ್ದು ಹಾರ ಹಾಕಿದ ಮುಖ, ಕೆಳಗೆ 'ಭಾವಪೂರ್ಣ'. ಮುಂದಿನ ಪದ ಯಾವುದು ಅಂತ ಮೈಸೂರಿನ ಸಣ್ಣ ಮಗುವಿಗೂ ಗೊತ್ತು.

ಬೆಳಗ್ಗೆ ಆರಕ್ಕೆ ಹಾಲಿನವನು ಸೈಕಲ್ ನಿಲ್ಲಿಸಿ ಚಪ್ಪಲಿ ಬಿಟ್ಟು ಕೈ ಮುಗಿದ. "ನೆನ್ನೆ ತಾನೆ ನಂದಿನಿ ಎರಡು ಪ್ಯಾಕೆಟ್ ತಗೊಂಡ್ರಲ್ಲ ಸಾರ್" ಅಂದ ನನಗೆ, ಗಂಟಲು ಕಟ್ಟಿತ್ತು. ಹತ್ತು ಗಂಟೆಗೆ ನೋಡಿದರೆ ಫ್ಲೆಕ್ಸ್ ಕಂಬಕ್ಕೆ ಯಾರೋ ಊದುಬತ್ತಿ ಸಿಕ್ಕಿಸಿದ್ದರು. ಮಧ್ಯಾಹ್ನಕ್ಕೆ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು 'ಓಂ ಶಾಂತಿ' ಹಾಕಿದರು. ಒಬ್ಬರು ಹಾಕಿದ ಮೇಲೆ ಕೇಳಬೇಕೇ, ಐವತ್ತಾರು ಓಂ ಶಾಂತಿ, ಮಧ್ಯೆ ಯಾರೋ ಒಬ್ಬರು ಅಭ್ಯಾಸಬಲದಿಂದ 'ಹುಟ್ಟುಹಬ್ಬದ ಶುಭಾಶಯಗಳು'. 'ರಂಗಭೂಮಿಗೆ ತುಂಬಲಾರದ ನಷ್ಟ' ಅಂತ ಬರೆದವರು, ನನಗೆ ಗೊತ್ತಿರುವ ಹಾಗೆ, ಕಲಾಮಂದಿರಕ್ಕೆ ಹೋಗಿದ್ದು ಸೀರೆ ಎಕ್ಸಿಬಿಷನ್‌ಗೆ. ಸಂಜೆ ನಟರೇ ಗ್ರೂಪಿನಲ್ಲಿ 'ನಾನು ಇದ್ದೇನೆ' ಅಂತ ಹಾಕಿದರು. ಅದಕ್ಕೂ ಇಬ್ಬರು ಓಂ ಶಾಂತಿ ಹಾಕಿದರು.

ಇದನ್ನು ಮಂಡ್ಯದ ಕಡೆ ಹಳ್ಳಿಯಲ್ಲಿರುವ ದೊಡ್ಡಪ್ಪನಿಗೆ ಫೋನಿನಲ್ಲಿ ಹೇಳಿದೆ. ದೊಡ್ಡಪ್ಪ ಊರಿನ 'ಕುರುಕ್ಷೇತ್ರ' ನಾಟಕದಲ್ಲಿ ಭೀಮ ಹಾಕುವವರು. ಅಲ್ಲಿ ವ್ಯವಸ್ಥೆಯೇ ಬೇರೆ. ಪಾತ್ರ ಬೇಕಾದವರೇ ದುಡ್ಡು ಕೊಡಬೇಕು. ದುರ್ಯೋಧನನಿಗೆ ಜಾಸ್ತಿ, ಭೀಮನಿಗೆ ಒಂಚೂರು ಕಮ್ಮಿ, ಹಾಗೆ ಇಳಿಯುತ್ತಾ ಹೋಗುತ್ತದೆ. ಅದೇ ದುಡ್ಡಿನಲ್ಲಿ ಡ್ರಾಮಾ ಮೇಷ್ಟ್ರು, ಹಾರ್ಮೋನಿಯಂ, ಸೀನರಿ, ಡ್ರೆಸ್ಸು, ಲೈಟು ಎಲ್ಲ. ತಿಂಗಳುಗಟ್ಟಲೆ ಪ್ರಾಕ್ಟೀಸು, ಬೆಳಗಿನ ಜಾವದವರೆಗೆ ನಾಟಕ, ಮಧ್ಯೆ ಮಧ್ಯೆ ಭಾವಮೈದುನರು ಸ್ಟೇಜಿಗೇ ಹತ್ತಿ ನೋಟಿನ ಹಾರ ಹಾಕುತ್ತಾರೆ, ಅಷ್ಟು ಹೊತ್ತು ಯುದ್ಧ ನಿಲ್ಲುತ್ತದೆ. ಆಮೇಲೆ ವರ್ಷಪೂರ್ತಿ ಟೀ ಅಂಗಡಿಯಲ್ಲಿ "ಭೀಮ ಬಂದ, ಜಾಗ ಬುಡ್ರಲಾ" ಅಂತಾರೆ. ಅಲ್ಲಿ ಯಾರನ್ನೂ ಗುರುತು ಹಿಡಿಯುವ ಕಷ್ಟವಿಲ್ಲ. ದೊಡ್ಡಪ್ಪ ಎಲ್ಲ ಕೇಳಿಸಿಕೊಂಡು, "ಒಂದು ಕಂದ ಇಲ್ಲ, ಒಂದು ಮಟ್ಟು ಇಲ್ಲ, ಸುಮ್ನೆ ಗ್ವಾಡೆ ಮೇಲೆ ಕುಂತಿರಾದು. ಅದ್ಕೆ ಇವ್ರು ಎಷ್ಟು ಕಟ್ಟುದ್ರಂತ್ಲಾ?" ಅಂದರು. ಕಟ್ಟಲಿಲ್ಲ ದೊಡ್ಡಪ್ಪ, ಸೀರಿಯಲ್‌ನವರೇ ಕೊಟ್ರು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. "ನಮ್ಮೂರ್‌ಗೆ ಹೇಳ್ಬ್ಯಾಡ ಕನ್ಲಾ ಇದ್ನ" ಅಂದರು.

ಕಾರ್ಯಕ್ರಮ ನಡೆಯಿತು. ನಿರೂಪಕರು ಮೂವತ್ತು ವರ್ಷದ ರಂಗಭೂಮಿಯನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸಿ, ಸೀರಿಯಲ್ ಹೆಸರು ಬಂದಾಗ ಮಾತ್ರ ನಿಲ್ಲಿಸಿ, ಚಪ್ಪಾಳೆ ಕಾದರು. ಮೈಸೂರು ಪೇಟ ಬಂತು, ಶಾಲು ಬಂತು, ಹಣ್ಣಿನ ಬುಟ್ಟಿ ಬಂತು, ಕೊನೆಗೆ ದಪ್ಪ ಗಂಧದ ಹಾರ ಬಂತು. ಹಾರ ಹಾಕಿಸಿಕೊಂಡು ನೆಟ್ಟಗೆ ನಿಂತರು ನೋಡಿ, ತದ್ರೂಪು ಫೋಟೋ! ಮುಂದಿನ ಸಾಲಿನ ಇಬ್ಬರು ಹೆಂಗಸರು ಅವರಿಗೇ ಗೊತ್ತಿಲ್ಲದ ಹಾಗೆ ಎದ್ದು ಕೈ ಮುಗಿದರು.

"ಸಾರ್, ಒಂದು ಡೈಲಾಗ್!" ಅಂತ ಹಿಂದಿನಿಂದ ಕೂಗು ಬಂತು. ಅವರು ಮೈಕ್ ಪಕ್ಕಕ್ಕೆ ಸರಿಸಿದರು. ಹಳೆಯ ನಾಟಕವೊಂದರಲ್ಲಿ ಮಗನನ್ನು ಕಳೆದುಕೊಂಡ ರಾಜನ ಮಾತು ಶುರು ಮಾಡಿದರು. ಜೋರಾಗೇನೂ ಹೇಳಲಿಲ್ಲ. ಆದರೂ ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿವರೆಗೂ, ಅದರಾಚೆ ಪುಳಿಯೋಗರೆ ಬಡಿಸಲು ನಿಂತಿದ್ದ ಅಡುಗೆಯವರವರೆಗೂ ಒಂದೊಂದು ಅಕ್ಷರ ಹೋಯಿತು. ಅಡುಗೆಯವನ ಸೌಟು ಎತ್ತಿದಲ್ಲೇ ನಿಂತಿತು. ಶಾಮಿಯಾನದ ಕಂಬ ಹಿಡಿದು ಸುತ್ತುತ್ತಿದ್ದ ಹುಡುಗ ನಿಂತ. ಹೆಚ್ಚೆಂದರೆ ಎರಡು ನಿಮಿಷ. ನನಗೆ ಗಂಟಲು ಉಬ್ಬಿ ಬಂತು, ಸುಳ್ಳು ಯಾಕೆ ಹೇಳಲಿ.

"ಚೆನ್ನಾಗಿತ್ತು ಸಾರ್, ಈಗ ಸೀರಿಯಲ್ದು ಹೇಳಿ!"

"ಅದ್ರಲ್ಲಿ ನಂಗೆ ಡೈಲಾಗ್ ಇಲ್ಲಪ್ಪ, ನಾನು ಫೋಟೋ" ಅಂದರು.

"ಪರ್ವಾಗಿಲ್ಲ ಸಾರ್, ಹಾಗೇ ನಿಂತ್ಕೊಳ್ಳಿ!" ಅಂತ ಸೆಲ್ಫಿಗೆ ಸಾಲು ಹತ್ತಿತು. ಅವರು ಅಲ್ಲಾಡದೆ ನಿಂತರು. ಮುಕ್ಕಾಲು ಗಂಟೆ. ಎದುರುಮನೆ ಆಂಟಿ ಮಾತ್ರ ಸೆಲ್ಫಿ ಬೇಡ ಅಂದರು. ಹತ್ತಿರ ಹೋಗಿ, ದನಿ ತಗ್ಗಿಸಿ, "ನಿಮ್ಮ ತಮ್ಮ ಬೀರು ಕೀ ಮಾಡಿಸ್ಕೊಂಡಿದಾನೆ. ನೀವು ಗೋಡೆ ಮೇಲಿಂದ ದಿನಾ ನೋಡ್ತಾನೇ ಇದೀರಲ್ಲ ಸಾರ್, ಹೆಂಡ್ತಿ ಕನಸಲ್ಲಾದ್ರೂ ಬಂದು ಒಂದು ಮಾತು ಹೇಳ್ಬಾರ್ದಾ?" ಅಂತ ದಬಾಯಿಸಿದರು. ಅವರು ಬಹಳ ಗಂಭೀರವಾಗಿ, "ಡೈರೆಕ್ಟರ್ ಹತ್ರ ಮಾತಾಡ್ತೀನಮ್ಮ" ಅಂದರು.

ಫ್ಲೆಕ್ಸ್ ಯಾರೂ ಬಿಚ್ಚಲಿಲ್ಲ. ಕಟ್ಟುವುದಕ್ಕೆ ಜನ ಸಿಗುತ್ತಾರೆ, ಬಿಚ್ಚುವುದು ಯಾರ ಕೆಲಸವೂ ಅಲ್ಲ. ತಿಂಗಳಾದ ಮೇಲೂ ಹಾಗೇ ಇತ್ತು, ಬಿಸಿಲಿಗೆ ಬಣ್ಣ ಹೋಗಿ ಇನ್ನಷ್ಟು ಹಳೆಯ ಸಾವಿನ ಹಾಗೆ ಕಾಣುತ್ತಿತ್ತು.

ಆಮೇಲೊಂದು ಭಾನುವಾರ ರಂಗಾಯಣದ ಭೂಮಿಗೀತ ರಂಗಮಂದಿರದಲ್ಲಿ ಅವರ ನಾಟಕ. ಟಿಕೆಟ್ಟು ಒಂದು ಮಸಾಲೆ ದೋಸೆ, ಒಂದು ಕಾಫಿ ಲೆಕ್ಕದ್ದು. ಗ್ರೂಪಿನಲ್ಲಿ ಹಾಕಿದೆ. ಹೆಬ್ಬೆರಳು ಬಂದವು, ಕೈ ಮುಗಿದವು ಬಂದವು, "ಪಾಸ್ ಇದ್ಯಾ?" ಅಂತ ನಾಲ್ಕು ಬಂದವು. ಒಬ್ಬನೇ ಹೋದೆ. ದೀಪ ಆರಿತು, ಅವರು ಬಂದರು, ನನ್ನಿಂದ ಆರು ಅಡಿ ದೂರದಲ್ಲಿ ನಿಂತು ಮಾತು ಶುರು ಮಾಡಿದರು. ಹಣೆ ಮೇಲಿನ ಬೆವರು ಕಾಣುತ್ತಿತ್ತು. ನನ್ನ ಹಿಂದಿನ ಸಾಲಿನಲ್ಲಿ ವಯಸ್ಸಾದ ಗಂಡ ಹೆಂಡತಿ ಕೂತಿದ್ದರು.

"ಅಲ್ಲ ಕಣೇ, ಇವ್ರು ಹೋಗ್ಬಿಟ್ರು ಅಂತ ಸರ್ಕಲ್ಲಲ್ಲಿ ಫ್ಲೆಕ್ಸ್ ಹಾಕಿದ್ರಲ್ಲ?"

"ಷ್, ಸುಮ್ನಿರಿ. ಇದು ಹಳೇ ನಾಟಕ ಇರ್ಬೇಕು."