ಡಬ್ಬಿಯ ಮೇಲಿನ ರೈತ ಯಾಕೆ ನಗುತ್ತಿದ್ದಾನೆ?

ಹೋದ ವಾರ ಹುಬ್ಬಳ್ಳಿಯಲ್ಲಿ ನೂರು ಗ್ರಾಂ ಖಾರದ ಪುಡಿಗೆ 240 ರೂಪಾಯಿ ಕೊಟ್ಟು ಬಂದೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಅಂಗಡಿಯ ಹೆಸರು ಬೇಡ. ಒಳಗೆ ಎಸಿ, ಮಂದ ಬೆಳಕು. ಅಲ್ಲಿ ಬೆಲ್ಲಕ್ಕೂ ಒಂದು ಕಥೆ ಇದೆ, ಉಪ್ಪಿಗೂ ಒಂದು ಕಥೆ ಇದೆ. ಬಿಲ್ ಹಾಕುವ ಹುಡುಗ, "ಸರ್, ಇದು ಎಥಿಕಲ್ ಪ್ರಾಡಕ್ಟ್" ಅಂದ. ಅಂದರೆ ನಾನು ಇಷ್ಟು ವರ್ಷ ದುರ್ಗದಬೈಲಿನಲ್ಲಿ ತಂದು ತಿಂದ ಖಾರವೆಲ್ಲ ಅನೈತಿಕ. ತಲೆ ತಗ್ಗಿಸಿ ದುಡ್ಡು ಕೊಟ್ಟೆ.

ಡಬ್ಬಿ ಮಾತ್ರ ಚೆನ್ನಾಗಿದೆ. ತಗಡಿನದು, ತಿರುಗಿಸುವ ಮುಚ್ಚಳ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ಜಾತಿ ಇರೋದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಇದು ಮೂರನೆಯದು: ಬರೀ ಡಬ್ಬಿ. ಮೈಮೇಲೆ ಒಬ್ಬ ರೈತನ ಫೋಟೋ. ಕೇಸರಿ ಮುಂಡಾಸು, ಗಿರಿಜಾ ಮೀಸೆ, ಮೂವತ್ತೆರಡೂ ಹಲ್ಲು. ಪಕ್ಕದಲ್ಲಿ ಒಂದು ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದರೆ "ನಿಮ್ಮ ರೈತನನ್ನು ಭೇಟಿಯಾಗಿ". ಚಿಗರಿ ಬಸ್ಸಿನಲ್ಲಿ ಕೂತು ಸ್ಕ್ಯಾನ್ ಮಾಡಿದೆ. ಇಂಗ್ಲಿಷಿನಲ್ಲಿ ಒಂದು ಪುಟ ಬಂತು. ಮಣ್ಣು, ಮಳೆ, ಅಜ್ಜಿಯ ಒರಳು, ನಗು. ಧಾರವಾಡ ಬಂತು, ರೈತ ಸಿಗಲಿಲ್ಲ.

ಸುದೈವಕ್ಕೆ ನನಗೆ ನಿಜವಾದ ರೈತನೊಬ್ಬ ಗೊತ್ತು. ಬ್ಯಾಡಗಿ ತಾಲ್ಲೂಕಿನವನು, ಹಳೇ ಗೆಳೆಯ. ಮರುದಿನ ಯಾವುದೋ ಕೋರ್ಟ್ ಕೆಲಸಕ್ಕೆ ಧಾರವಾಡಕ್ಕೆ ಬಂದವನು ಮನೆಗೂ ಬಂದ. ಡಬ್ಬಿ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ.

"ಇವ ನಮ್ಮ ಕಡಿಯಾಂವ ಅಲ್ಲ ಬಿಡ್ರಿ."

"ಹೆಂಗ ಗೊತ್ತಾತು?"

"ಹಲ್ಲು ನೋಡ್ರಿ, ಎಷ್ಟು ಬೆಳ್ಳಗ ಅದಾವು. ಮ್ಯಾಲ ಇವ ನಿಂತಿದ್ದು ಸಾಸ್ವಿ ಹೊಲದಾಗ."

ಹೌದು! ಹಿಂದೆ ಕಣ್ಣು ಹಾಯಿಸಿದಷ್ಟೂ ಹಳದಿ ಹೂ. ಯಾವ ರಾಜ್ಯದ ಸಾಸಿವೆಯೋ ಏನೋ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ ಟ್ಯಾಗ್ ಸಿಕ್ಕಿದೆ. ಈ ನೆಲದ ಕಾಯಿಗೆ ಮಾತ್ರ ಈ ಹೆಸರು ಅಂತ ಕಾನೂನು. ರೈತನಿಗೆ ಅಂಥ ಟ್ಯಾಗ್ ಇಲ್ಲ. ಅವನನ್ನು ಎಲ್ಲಿಂದ ಬೇಕಾದರೂ ತರಿಸಿಕೊಳ್ಳಬಹುದು.

ಆಮೇಲೆ ಬೆಲೆ ಕೇಳಿದ. ಹೇಳಿದೆ. ಅವನು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಬೆರಳು ಮಡಚಿ ಲೆಕ್ಕ ಹಾಕಿದ. ನೂರು ಗ್ರಾಂಗೆ 240, ಕಿಲೋಗೆ 2,400, ಕ್ವಿಂಟಲ್‌ಗೆ 2 ಲಕ್ಷದ 40 ಸಾವಿರ. ಅವನಿಗೆ ಈ ಸಲ ದಲಾಲಿ ಅಂಗಡಿಯಲ್ಲಿ ಬರೆದುಕೊಟ್ಟ ಪಟ್ಟಿ: ಕ್ವಿಂಟಲ್‌ಗೆ 12 ಸಾವಿರ. ಒಣಗಿಸುವುದು, ಕುಟ್ಟುವುದು, ತೂಕ ಕಮ್ಮಿಯಾಗುವುದು, ಎಲ್ಲ ಸೇರಿಸಿಕೊಳ್ಳಿ. ಅಂಗಡಿಯ ಎಸಿಯನ್ನೂ ಸೇರಿಸಿಕೊಳ್ಳಿ. ಆದರೂ ಇಪ್ಪತ್ತು ಪಟ್ಟು ಎಲ್ಲಿ ಹೋಯಿತು?

"ನಗು ಅದ ಅಲ್ರಿ," ಅಂದ. "ಅದಕ್ಕೂ ರೊಕ್ಕ ಬೀಳ್ತದ."

ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಆಗೋದೇನು ಅಂತ ಹಾವೇರಿ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಹಿಂದಿನ ರಾತ್ರಿಯೇ ಚೀಲ ಇಳಿಸಿ, ಅದರ ಮೇಲೆಯೇ ಮಲಗಿ, ಬೆಳಿಗ್ಗೆ ಬಾಯಿ ಬಿಚ್ಚಿ ಇಡಬೇಕು. ಕೊಳ್ಳುವವರು ಬಂದು ಕಾಯಿ ಮುರಿದು ನೋಡುತ್ತಾರೆ, ಮೂಸುತ್ತಾರೆ, ಮಾತಾಡದೆ ಮುಂದೆ ಹೋಗುತ್ತಾರೆ. ಟೆಂಡರ್ ಆಗುತ್ತದೆ. ಮಧ್ಯಾಹ್ನ ದರ ಗೊತ್ತಾಗುತ್ತದೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಇದ್ದ ಹಾಗೆ. ಮರುಪರೀಕ್ಷೆ ಇಲ್ಲ ಅಷ್ಟೆ. 2024ರ ಮಾರ್ಚ್ 11ರ ಸೋಮವಾರ ಆ ದರ ನೋಡಿ ಏನಾಯಿತು ಅಂತ ನಿಮಗೆ ನೆನಪಿದೆ. ಎಪಿಎಂಸಿ ಕಚೇರಿಗೆ ಕಲ್ಲು, ಗಾಡಿಗಳಿಗೆ ಬೆಂಕಿ. ಬೆಂಕಿ ಹಚ್ಚಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಆ ದಿನ ಯಾರೂ ಅಲ್ಲಿಗೆ ಕ್ಯಾಮೆರಾ ತಂದು "ಸ್ವಲ್ಪ ನಗಿ" ಅನ್ನಲಿಲ್ಲ, ಅಷ್ಟೇ ಹೇಳುತ್ತಿದ್ದೇನೆ.

ಇನ್ನು ಡಬ್ಬಿಯ ಮೇಲೆ ಜಾಗವೇ ಸಿಗದವರು ಇದ್ದಾರೆ. ತೊಟ್ಟು ಬಿಡಿಸುವ ಹೆಂಗಸರು. ಬ್ಯಾಡಗಿಯ ಸುತ್ತಮುತ್ತ ಶೆಡ್ಡುಗಳಲ್ಲಿ ಸಾಲಾಗಿ ಕೂತಿರುತ್ತಾರೆ. ಮೂಗಿಗೆ ಸೆರಗು, ಮುಂದೆ ಕೆಂಪು ಗುಡ್ಡ. ಕಿಲೋ ಲೆಕ್ಕದಲ್ಲಿ ಕೂಲಿ. ಈ ಕಾಯಿಗೆ ಖಾರ ಕಮ್ಮಿ, ಬಣ್ಣ ಜಾಸ್ತಿ ಅಂತ ನಾವು ಹೆಮ್ಮೆ ಪಡುತ್ತೇವಲ್ಲ, ದಿನವಿಡೀ ಬಿಡಿಸಿದ ಬೆರಳಿಗೆ ಆ ಕಮ್ಮಿ ಖಾರವೇ ಸಾಕು. ರಾತ್ರಿ ಎಣ್ಣೆ ಹಚ್ಚಿದರೂ ಉರಿ ಹೋಗುವುದಿಲ್ಲ. ಗೆಳೆಯನ ಹೆಂಡತಿ ಸುಗ್ಗಿಯಲ್ಲಿ ಮೊಮ್ಮಗನ ಮುಖ ಮುಟ್ಟುವುದಿಲ್ಲವಂತೆ. ಅದೇ ಕಾಯಿಯಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್ಕಿಗೆ, ನೇಲ್ ಪಾಲಿಶ್‌ಗೆ ಹೋಗುತ್ತದೆ. ಒಬ್ಬರ ಬೆರಳಿಗೆ ಉರಿ, ಇನ್ನೊಬ್ಬರ ಬೆರಳಿಗೆ ರಂಗು.

ನ್ಯಾಯದ ವ್ಯಾಪಾರ, ಅಂದರೆ ಫೇರ್‌ಟ್ರೇಡ್, ಅನ್ನುವುದು ಸುಳ್ಳು ಅಂತ ನಾನು ಹೇಳೋದಿಲ್ಲ. 1988ರಲ್ಲಿ ನೆದರ್ಲೆಂಡ್ಸ್‌ನವರು ಮೆಕ್ಸಿಕೋದ ಬಡ ರೈತರ ಕಾಫಿಗೆ ಒಂದು ಮುದ್ರೆ ಒತ್ತಿ ಮಾರಿದರು. ಫೇರ್‌ಟ್ರೇಡ್ ಮುದ್ರೆಯ ಹಿಂದೆ ಒಂದು ಲೆಕ್ಕ ಇದೆ. ಮಾರುಕಟ್ಟೆ ನೆಲ ಕಚ್ಚಿದರೂ ಇಂತಿಷ್ಟು ಕನಿಷ್ಠ ದರ. ಅದರ ಮೇಲೆ ಸ್ವಲ್ಪ ಹೆಚ್ಚಿನ ಹಣ. ಅದನ್ನು ಶಾಲೆಗೋ ಬಾವಿಗೋ ಅಂತ ಬೆಳೆಗಾರರ ಸಂಘವೇ ಸೇರಿ ತೀರ್ಮಾನಿಸಬೇಕು. ಆದರೆ ಆ ಮುದ್ರೆ ಪಡೆಯಲು ಬೆಳೆಗಾರರ ಸಂಘವೂ ಶುಲ್ಕ ಕಟ್ಟಬೇಕು. ಲೋಕದ ರೀತಿ ನೋಡಿ. ಮೋಸ ಆಗಿಲ್ಲ ಅನ್ನೋದಕ್ಕೆ ಸರ್ಟಿಫಿಕೇಟ್ ಬೇಕು, ಮೋಸಕ್ಕೆ ಯಾವ ಲೈಸೆನ್ಸೂ ಬೇಡ. ನನ್ನ ಡಬ್ಬಿಯ ಮೇಲೆ ಆ ಮುದ್ರೆಯೂ ಇಲ್ಲ. 'ಎಥಿಕಲ್' ಅಂತ ಚಿನ್ನದ ಅಕ್ಷರದಲ್ಲಿ ಬರೆದಿದೆ ಅಷ್ಟೆ. ಬರೆಯಲಿಕ್ಕೆ ಏನು ಖರ್ಚು?

ಬೆಳೆಗಾರರು ಒಟ್ಟಾಗಬೇಕು ಅನ್ನೋದನ್ನ ನಮಗೆ ಡಚ್ಚರು ಬಂದು ಕಲಿಸಬೇಕಿತ್ತೇ? ಗದಗದ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದರು. ಏಷ್ಯಾದಲ್ಲೇ ಮೊದಲನೆಯದು ಅಂತ ಪ್ರತಿ ವರ್ಷ ಸಹಕಾರ ಸಪ್ತಾಹದಲ್ಲಿ ಹಾರ ಹಾಕಿ ಭಾಷಣ ಮಾಡುತ್ತೇವೆ. ಭಾಷಣ ಮುಗಿಸಿ, ಸಂಘದ ಚುನಾವಣೆ ಬಂದಾಗ ನಿರ್ದೇಶಕರನ್ನು ಬಸ್ಸಿಗೆ ತುಂಬಿ ರೆಸಾರ್ಟಿಗೆ ಕಳಿಸುತ್ತೇವೆ.

ಭಾಷಣ ಅಂದಾಗ ನೆನಪಾಯಿತು. ಈಚೆಗೆ ಹುಬ್ಬಳ್ಳಿಯ ಹೋಟೆಲೊಂದರಲ್ಲಿ ಬಡತನ ಮತ್ತು ವ್ಯಾಪಾರ ನೀತಿ ಕುರಿತ ಸಭೆಗೆ ಹೋಗಿದ್ದೆ. ಊಟ ಬಹಳ ಚೆನ್ನಾಗಿತ್ತು. ಪ್ರತಿ ಟೇಬಲ್ ಮೇಲೆ ಒಂದೊಂದು ಪುಟ್ಟ ತ್ರಿವರ್ಣ ಧ್ವಜ, ಮಿರಮಿರ ಮಿಂಚುವ ಪಾಲಿಯೆಸ್ಟರ್‌ನದು. ಬೆಂಗೇರಿ ಇರೋದು ಅದೇ ಊರಲ್ಲಿ! ಅಲ್ಲಿ ಹೆಣ್ಣುಮಕ್ಕಳು ಖಾದಿ ಬಾವುಟ ಹೊಲಿಯುತ್ತಾರೆ. ಆರು ಇಂಚಿನಿಂದ 21 ಅಡಿವರೆಗೆ ಒಂಬತ್ತು ಅಳತೆ, ಚಕ್ರಕ್ಕೆ ಸರಿಯಾಗಿ 24 ಗೆರೆ. ಬಣ್ಣ, ದಾರ, ಹೊಲಿಗೆ ಯಾವುದರಲ್ಲಿ ಹೆಚ್ಚುಕಮ್ಮಿ ಆದರೂ ತಿರಸ್ಕಾರ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದಿ, ಮಷಿನ್ನಿನ ಪಾಲಿಯೆಸ್ಟರ್ ಕೂಡ ಆಗುತ್ತೆ ಅಂದರು. ಎಂಟು ತಿಂಗಳಲ್ಲಿ ಮನೆಮನೆಗೂ ಬಾವುಟ ಬಂತು. ನೂಲುವವಳ ಮನೆಗೆ ಏನು ಬಂತು ಅಂತ ಕೇಳಬಾರದು, ಅದು ದೇಶಭಕ್ತಿಯ ವಿಷಯ.

ಅದೇ ಸಭೆಯಲ್ಲಿ ಒಬ್ಬರು ಬಡತನ ರೇಖೆ ವಿವರಿಸಿದರು. 2025ರ ಜೂನ್‌ನಲ್ಲಿ ವಿಶ್ವಬ್ಯಾಂಕ್ ಕಡುಬಡತನದ ಗೆರೆಯನ್ನು ದಿನಕ್ಕೆ 2.15 ಡಾಲರ್‌ನಿಂದ 3 ಡಾಲರ್‌ಗೆ ಏರಿಸಿತು. ನಮ್ಮ ದೇಶದಲ್ಲಿ ನೂರಕ್ಕೆ ಎರಡೂಚಿಲ್ಲರೆ ಇದ್ದ ಕಡುಬಡವರು ಒಂದೇ ರಾತ್ರಿಯಲ್ಲಿ ಐದೂಚಿಲ್ಲರೆ ಆದರು. ಅವರಿಗೆ ಗೊತ್ತೇ ಆಗಲಿಲ್ಲ, ಮಲಗಿದ್ದರು. ಮೂರು ಡಾಲರ್ ಅಂದರೆ 250 ರೂಪಾಯಿ ಅಂತ ಹಿಗ್ಗಬೇಡಿ. ಕೊಳ್ಳುವ ಶಕ್ತಿಯ ಲೆಕ್ಕ ಅಂತ ಒಂದಿದೆ: ಅಮೆರಿಕದಲ್ಲಿ ಮೂರು ಡಾಲರ್‌ಗೆ ಬರುವಷ್ಟು ಸಾಮಾನು ಇಲ್ಲಿ ಎಷ್ಟಕ್ಕೆ ಸಿಗುತ್ತದೆ ಅಂತ. ಅದರಲ್ಲಿ ಸುಮಾರು 60 ರೂಪಾಯಿ. ಒಂದು ಪ್ಲೇಟ್ ಗಿರ್ಮಿಟ್, ಎರಡು ಮಿರ್ಚಿ, ಚಹಾ. ಅಷ್ಟಾದರೆ ನೀವು ಗೆರೆಯ ಮೇಲೆ. ಚಹಾ ಇನ್ನೊಬ್ಬರು ಕುಡಿಸಿದರೆ ಮಧ್ಯಮ ವರ್ಗ. ಹಿಂದೆ 2011ರಲ್ಲಿ ನಮ್ಮ ಯೋಜನಾ ಆಯೋಗ ಪೇಟೆಯಲ್ಲಿ 32, ಹಳ್ಳಿಯಲ್ಲಿ 26 ರೂಪಾಯಿ ಅಂತ ಸುಪ್ರೀಂ ಕೋರ್ಟಿಗೇ ಬರೆದುಕೊಟ್ಟಿತ್ತು. ಆಗಲೂ ನಕ್ಕಿದ್ದೆವು.

ನಕ್ಕು ನಕ್ಕು ಸಾಕಾಗಿದೆ. ಗೆರೆ ಎಲ್ಲಿ ಎಳೆಯಬೇಕು ಅಂತ ಇಷ್ಟು ಜನ ಇಷ್ಟು ವರ್ಷ ತಲೆ ಕೆಡಿಸಿಕೊಂಡಿದ್ದಾರೆ. ತೊಟ್ಟು ಬಿಡಿಸುವವಳಿಗೆ ಕಿಲೋಗೆ ಎರಡು ರೂಪಾಯಿ ಜಾಸ್ತಿ ಕೊಡಲು ಯಾರ ಸಮಿತಿ ಬೇಕಿತ್ತು? 240 ಕೊಟ್ಟ ನನ್ನ ಕೈಯಿಂದಲೇ ಅದು ಹೋಗಬಹುದಿತ್ತು. ಹೋಗಲಿಲ್ಲ. ತಗಡಿಗೆ ಹೋಯಿತು. ಫೋಟೋಗೆ ಹೋಯಿತು.

ಆ ರಾತ್ರಿ ಬದನೆಕಾಯಿ ಪಲ್ಯಕ್ಕೆ ಅದೇ ಪುಡಿ ಹಾಕಿಸಿದೆ. ಬಣ್ಣವೂ ಅಷ್ಟಕ್ಕಷ್ಟೆ. ಊಟ ಮಾಡಿ ಹೊರಟ ಗೆಳೆಯ ಬಾಗಿಲಲ್ಲಿ ನಿಂತ.

"ಆ ಡಬ್ಬಿ ಖಾಲಿ ಮಾಡಿ ನನಗ ಕೊಡ್ರಿ. ಬೀಜ ಇಡಾಕ ಚಲೋ ಅದ."

ಪುಡಿಯನ್ನು ಸ್ಟೀಲ್ ಡಬ್ಬಿಗೆ ಸುರಿದು, ತಗಡಿನದನ್ನು ಒರೆಸಿ ಕೊಟ್ಟೆ. ಚೀಟಿ ಕಿತ್ತು ಕೊಡಲಾ ಅಂತ ಕೇಳಿದೆ.

"ಹುಷಾರಿಂದ ಬಿಡಿಸ್ರಿ, ಹರೀಬ್ಯಾಡ್ರಿ," ಅಂದ. "ಹೊಲದಾಗ ಬೆದರುಗೊಂಬಿಗೆ ಮಾರಿ ಇಲ್ಲ. ಇವನ್ನ ಅಂಟಸ್ತೀನಿ."