ಇಪ್ಪತ್ತು ನಟ್ಟು

ತಿಪಟೂರಿನ ಹತ್ತಿರದ ನಮ್ಮ ಊರಿನಲ್ಲಿ, ದೊಡ್ಡಪ್ಪನ ಕೊಟ್ಟಿಗೆಯ ಮೂಲೆಯಲ್ಲಿ, ಒಂದು ರಾಜದೂತ್ ಮೋಟಾರ್ ಸೈಕಲ್ 18 ವರ್ಷಗಳಿಂದ ನಿಂತಿತ್ತು. ನಿಂತಿತ್ತು ಎನ್ನುವುದು ಗೌರವದ ಮಾತು. ಗೋಡೆಗೆ ಒರಗಿತ್ತು. ಹ್ಯಾಂಡಲ್‌ಗೆ ಎತ್ತಿನ ಹಗ್ಗ ನೇತುಬಿದ್ದಿತ್ತು, ಸೀಟಿನ ಮೇಲೆ ಕೋಳಿ ಕಾವಿಗೆ ಕುಳಿತಿತ್ತು.

"ದೊಡ್ಡಪ್ಪ, ಇದನ್ನು ಕಂಪನಿಯಿಂದ ಬಂದ ದಿನ ಹೇಗಿತ್ತೋ ಹಾಗೆ ಮಾಡುತ್ತೇನೆ, ಕೊಡಿ" ಎಂದೆ.

ಅವರು ವೀಳ್ಯದೆಲೆಗೆ ಸುಣ್ಣ ಸವರುತ್ತ, "ಮರಿ ಆಗುವವರೆಗೆ ತಡಿ" ಎಂದರು. ಗಾಡಿಯ ಮೇಲಿನ ಹಕ್ಕು ಯಾರದೆಂಬ ವಿಷಯದಲ್ಲಿ ಅವರಿಗೆ ಗೊಂದಲವಿರಲಿಲ್ಲ. ಕೋಳಿಗೆ ಬೇಕಾದ 21 ದಿನ ಕಾದು, ಲಗೇಜ್ ಆಟೋದಲ್ಲಿ ರಾಜದೂತನನ್ನು ತುಮಕೂರಿಗೆ ತಂದೆ.

ಹೆಸರೇನೋ ರಾಜದೂತ. ಆದರೆ ನಾನು ಕಂಡಂತೆ ಅವನು ಯಾವ ರಾಜನ ಓಲೆಯನ್ನೂ ಒಯ್ದವನಲ್ಲ. ಬೆಳಿಗ್ಗೆ ಹಾಲಿನ ಕ್ಯಾನು, ಮಧ್ಯಾಹ್ನ ಹಿಂಡಿ ಚೀಲ, ಸಂಜೆ ದೊಡ್ಡಮ್ಮನನ್ನು ಹೊತ್ತವನು. 173 ಸಿಸಿಯ ಒಂದೇ ಸಿಲಿಂಡರು, ಮೂರೇ ಗೇರು. 'ಒರಿಜಿನಲ್' ಮಾಡಲು ಹೊರಟವನು ಮೂಲವನ್ನು ತಿಳಿಯಬೇಕಲ್ಲವೇ ಎಂದು ಓದಲು ಕುಳಿತೆ. ಎಸ್ಕಾರ್ಟ್ಸ್ ಕಂಪನಿ 1962ರಲ್ಲಿ ಇದನ್ನು ತಯಾರಿಸತೊಡಗಿದ್ದು ಪೋಲೆಂಡಿನ ಎಸ್‌ಎಚ್‌ಎಲ್ ಎಂ11 ಎಂಬ ಬೈಕಿನ ವಿನ್ಯಾಸವನ್ನು ಪರವಾನಗಿ ಪಡೆದು ಎಂದು ತಿಳಿಯಿತು. ಅಂದರೆ ನನ್ನ ಒರಿಜಿನಲ್ಲೇ ಇನ್ನೊಂದರ ನಕಲು! ಈ ಸಂಗತಿಯನ್ನು ಹೆಂಡತಿಗೆ ಹೇಳದೆ ಮುಚ್ಚಿಟ್ಟೆ. ಅಷ್ಟರಲ್ಲಾಗಲೇ ಬಿಡಿಭಾಗಗಳಿಗೆ ಏಳು ಸಾವಿರ ಖರ್ಚಾಗಿತ್ತು.

ಬಿಡಿಭಾಗಗಳ ಬೇಟೆಗೆ ಬೆಂಗಳೂರಿನ ಜೆ.ಸಿ. ರಸ್ತೆಗೂ ಶಿವಾಜಿನಗರದ ಗುಜರಿಗೂ ನಾಲ್ಕು ಭಾನುವಾರ ಅಲೆದೆ. ಒಬ್ಬ ಅಂಗಡಿಯವರು ನಯವಾಗಿ ಕೇಳಿದರು: "ಒರಿಜಿನಲ್ ಬೇಕೋ, ಡೂಪ್ಲಿಕೇಟೋ, ಒರಿಜಿನಲ್ ಡೂಪ್ಲಿಕೇಟೋ?" ಮೂರನೆಯದು ಏನೆಂದು ವಿಚಾರಿಸಿದೆ. ಡೂಪ್ಲಿಕೇಟಿನಲ್ಲೂ ಡೂಪ್ಲಿಕೇಟು ಬಂದಿದೆಯಂತೆ; ಇದು ಹಾಗಲ್ಲವಂತೆ. ಅಂಥದ್ದೇ ಪಿಸ್ಟನ್ ರಿಂಗ್‌ಗಳನ್ನು ತಂದೆ.

ಬಣ್ಣದ್ದು ಇನ್ನೊಂದು ರಗಳೆ. ಮೊದಲು ಹಸಿರು ಇತ್ತು ಎಂದು ದೊಡ್ಡಪ್ಪ, ನೀಲಿ ಎಂದು ದೊಡ್ಡಮ್ಮ. ಇಬ್ಬರೂ ಈ ವಿಷಯಕ್ಕೆ ಎರಡು ದಿನ ಮಾತು ಬಿಟ್ಟರು. ನಾನು ವೈಜ್ಞಾನಿಕನಾಗಿ ಮಡ್‌ಗಾರ್ಡಿನ ಒಳಬದಿಯನ್ನು ಬ್ಲೇಡಿನಿಂದ ಕೆರೆದೆ. ಕಪ್ಪು, ಅದರಡಿ ನೀಲಿ, ಅದರಡಿ ಮಂಗಳೂರು ಹೆಂಚಿನಂಥ ಸೊಗಸಾದ ಕೆಂಪು. ಹಂಪಿಯಲ್ಲಿ ಶಾಸನ ಸಿಕ್ಕವನಂತೆ ಪೇಂಟರ್ ಬಳಿಗೆ ಓಡಿ, "ಇದೇ ಬಣ್ಣ, ಒಂದು ಎಳೆಯೂ ಆಚೀಚೆ ಆಗಬಾರದು" ಎಂದೆ. ಅವನು ಮಡ್‌ಗಾರ್ಡನ್ನು ಬಿಸಿಲಿಗೆ ಹಿಡಿದು, "ಸಾರ್, ಇದು ರೆಡ್ ಆಕ್ಸೈಡು. ಬಣ್ಣ ಬಳಿಯುವ ಮುಂಚೆ ಕಿಟಕಿ ಸರಳಿಗೂ ಹೊಡೆಯುತ್ತಾರೆ" ಎಂದ. ಕೊನೆಗೆ ಕಪ್ಪು ಬಳಿಸಿದೆ.

ಇನ್ನು ಪೆಟ್ರೋಲ್ ಟ್ಯಾಂಕು. ಒಳಗೆಲ್ಲ ತುಕ್ಕು. ಹಿಡಿಯಷ್ಟು ನಟ್ಟು ಹಾಕಿ, ಸ್ವಲ್ಪ ಡೀಸೆಲ್ ಸುರಿದು ಕುಲುಕಿದರೆ ತುಕ್ಕು ಉದುರುತ್ತದೆ ಎಂದು ಗ್ಯಾರೇಜಿನ ಮೇಸ್ತ್ರಿ ಹೇಳಿಕೊಟ್ಟರು. ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್. ಒಳಗೆ ಹೋದದ್ದು ಹೊರಗೆ ಬರಬೇಕು, ಲೆಕ್ಕ ತಾಳೆಯಾಗಬೇಕು. ಎಣಿಸಿ ಇಪ್ಪತ್ತು ನಟ್ಟು ಹಾಕಿದೆ. ಮೂರು ಸಂಜೆ ಟ್ಯಾಂಕನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಲುಕಿದೆ, ಜೋಗುಳವೊಂದು ಬಾಕಿ. ಆಮೇಲೆ ಬೋರಲು ಹಾಕಿ ಅಲ್ಲಾಡಿಸಿದರೆ ತುಕ್ಕಿನ ಕಷಾಯದ ಜೊತೆಗೆ ನಟ್ಟುಗಳು ಒಂದೊಂದೇ ಬಿದ್ದವು. ಎಣಿಸಿದೆ. ಇಪ್ಪತ್ತು. ಟ್ಯಾಂಕನ್ನು ಎತ್ತಿದೆ. ಒಳಗಿನಿಂದ 'ಟಿಣ್' ಎಂದಿತು.

ಮತ್ತೆ ಎಣಿಸಿದೆ. ಇಪ್ಪತ್ತೇ. ಮತ್ತೆ ಕುಲುಕಿದೆ. ಟಿಣ್.

ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಹಾಕುವಾಗ ಇಪ್ಪತ್ತೊಂದು ಹಾಕಿರುತ್ತೀರಿ" ಎಂದಳು. ಇಲ್ಲವೆಂದು ಸಾಧಿಸಿದೆ. "ಕಬ್ಬಿಣ ಎಣಿಸುವುದಕ್ಕೆ ಬಾರದವರ ಕೈಗೆ ಊರಿನವರ ದುಡ್ಡು ಕೊಟ್ಟು ಕೂರಿಸಿದ್ದಾರಲ್ಲ!" ಎಂದು ಒಳಗೆ ಹೋದಳು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಯಾವ ಆಡಿಟರೂ ನನಗೆ ಹೀಗೆ ಅಂದಿರಲಿಲ್ಲ. ವಾಷರ್ ಕಟ್ಟಿದ ದಾರ, ಅಯಸ್ಕಾಂತ, ಟಾರ್ಚು ಎಲ್ಲವನ್ನೂ ಪ್ರಯೋಗಿಸಿದೆ. ಅದು ಯಾವುದೋ ಮಡಿಕೆಯಲ್ಲಿ ಅವಿತು ಕುಳಿತು, ನಾನು ಕೈಬಿಟ್ಟ ಕೂಡಲೇ ಟಿಣ್ ಎನ್ನುತ್ತಿತ್ತು. ಹಾಗೆಯೇ ಜೋಡಿಸಿದೆ.

ಎಂಜಿನ್ ಕೆಲಸ ಮೇಸ್ತ್ರಿಯದು, ಹಾಗಾಗಿ ಅಲ್ಲಿ ಅವಘಡಗಳಿಲ್ಲ. ಪ್ಲಗ್ಗಿಗೆ ಸಮಯಕ್ಕೆ ಸರಿಯಾಗಿ ಕಿಡಿ ಕೊಡಿಸುವ ಪ್ಲಾಟಿನಂ ಪಾಯಿಂಟಿನ ಸಂದು ಅಳೆಯಲೆಂದು ನಾನು ಹೊಸ ಗೇಜು ತಂದುಕೊಟ್ಟೆ. ಅವರು ಅದನ್ನು ಪಕ್ಕಕ್ಕಿಟ್ಟು, ಗೋಡೆಗೆ ಸಿಕ್ಕಿಸಿದ್ದ ಹಳೆಯ ಮದುವೆ ಕಾಗದವೊಂದನ್ನು ಸಂದಿನಲ್ಲಿ ತೂರಿಸಿ ಸರಿಮಾಡಿದರು. "ಈಗಿನ ಮದುವೆ ಕಾಗದಗಳು ದಪ್ಪ, ಇದಕ್ಕೆ ಆಗುವುದಿಲ್ಲ" ಎಂದರು. ಆ ದಂಪತಿಗೆ ಈಗ ಮೊಮ್ಮಕ್ಕಳಿರಬಹುದು.

ಮೊದಲ ಸಲ ಸ್ಟಾರ್ಟ್ ಮಾಡುವ ಭಾಗ್ಯ ನನಗಿರಲೆಂದು ಗಾಡಿಯನ್ನು ತಳ್ಳಿಕೊಂಡೇ ಮನೆಗೆ ತಂದೆ. ಇದು ಎರಡು ಸ್ಟ್ರೋಕಿನ ಎಂಜಿನ್. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಲೀಟರಿಗೆ 50 ಮಿಲಿ ಎಂದಿದ್ದರು ಮೇಸ್ತ್ರಿ. ಮಗನ ಕೆಮ್ಮಿನ ಔಷಧದ ಮುಚ್ಚಳದಲ್ಲಿ ಅಳೆಯುತ್ತಿದ್ದಾಗ ಫೋನು ಬಂತು. ಮಾತು ಮುಗಿದ ಮೇಲೆ ಎಷ್ಟು ಮುಚ್ಚಳ ಆಗಿತ್ತೆಂದು ಮರೆತು ಮೊದಲಿನಿಂದ ಶುರುಮಾಡಿದೆ. (ಇದನ್ನೂ ಹೆಂಡತಿಗೆ ಹೇಳಿಲ್ಲ.) ಸೈಲೆನ್ಸರಿನ ಹೊರಮೈಯನ್ನು ಕನ್ನಡಿಯಂತೆ ಉಜ್ಜಿದ್ದೆ, ಒಳಗೆ ನೋಡಬೇಕೆಂದು ಹೊಳೆಯಲಿಲ್ಲ.

ಹದಿನಾಲ್ಕನೆಯ ಕಿಕ್ಕಿಗೆ ರಾಜದೂತ ಕೆಮ್ಮಿದ, ಆಮೇಲೆ ಗುಡುಗಿದ. 18 ವರ್ಷ ಇಲಿಗಳು ಸೈಲೆನ್ಸರಿನಲ್ಲಿ ಕೂಡಿಟ್ಟ ಕಡಲೆಕಾಯಿ ಸಿಪ್ಪೆ, ಮಸಿ, ಕೊಬ್ಬರಿ ನಾರು ಒಂದೇ ಉಸಿರಿಗೆ ಹೊರಬಿದ್ದು, ತಗ್ಗಿನ ಕಾಂಪೌಂಡು ದಾಟಿ, ಪಕ್ಕದ ಮನೆಯ ಅಜ್ಜಿ ಪಂಚೆಯ ಮೇಲೆ ಒಣಗಿಸಿದ್ದ ಅಕ್ಕಿ ಸಂಡಿಗೆಯ ಮೇಲೆ ಇಳಿದವು. ಹಿಂದೆಯೇ ಹೊಗೆ. ಪಾಲಿಕೆಯವರು ಸೊಳ್ಳೆಗೆ ಹೊಗೆ ಹಾಕಲು ಬಂದರೆಂದು ಎದುರು ಮನೆಯವರು ದಡದಡನೆ ಕಿಟಕಿ ಮುಚ್ಚಿದರು. ಮಕ್ಕಳು ಕುಣಿಯುತ್ತ ಬಂದರು. ಅಜ್ಜಿಗೆ ಕಣ್ಣು ಮಂಜು. ಸಂಡಿಗೆಗೆ ಬಾಗಿ ನೋಡಿ ಸೊಸೆಯನ್ನು ಕೂಗಿದರು: "ಏನೇ, ಎಳ್ಳು ಹಾಕಬೇಡ ಅಂದಿರಲಿಲ್ಲವೇ?"

ಮುಂದಿನ ಭಾನುವಾರ ದೊಡ್ಡಪ್ಪ ಊರಿನಿಂದ ಬಂದರು. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಕಪ್ಪು ಬಣ್ಣ, ಹೊಸ ಸೀಟು, ಹೊಸ ಕೇಬಲ್ಲು ಯಾವುದಕ್ಕೂ ಮುಖದಲ್ಲಿ ಗುರುತಿನ ಛಾಯೆ ಕಾಣಲಿಲ್ಲ. ಬೇರೆ ಯಾರದೋ ಮನೆಯ ಗಾಡಿಯನ್ನು ನೋಡುವಂತೆ ಹ್ಯಾಂಡಲ್ ಹಿಡಿದು ಸುಮ್ಮನೆ ಒಮ್ಮೆ ಅಲ್ಲಾಡಿಸಿದರು.

ಟಿಣ್.

ದೊಡ್ಡಪ್ಪನ ಮುಖ ಅರಳಿತು. "ಅರೆ, ಇದು ಇನ್ನೂ ಇದೆಯೇನೋ! ಒಂದು ಸಲ ಟ್ಯಾಂಕು ತುಕ್ಕು ಹಿಡಿದಿತ್ತು ಅಂತ ಹಿಡಿಯಷ್ಟು ನಟ್ಟು ಹಾಕಿ ಕುಲುಕಿದ್ದೆ. ಒಂದು ಮಾತ್ರ ಏನು ಮಾಡಿದರೂ ಈಚೆಗೆ ಬರಲಿಲ್ಲ."

ಅವರು ಇನ್ನೂ ಏನೋ ಹೇಳುತ್ತಿದ್ದರು. ನಾನಾಗಲೇ ಅಡುಗೆಮನೆಯ ಬಾಗಿಲಲ್ಲಿದ್ದೆ.